ಹಸಿರು ಸಾಲು ಓದುತ್ತಿದ್ದವರು

“ಅಲ್ಲಿಲ್ಲ ಸರ್, ಅಪ್ಪ ಇಲ್ಲಿದ್ದಾರೆ,” ಎಂದು ಮಗಳು ಹಿಂದಿನಿಂದ ಹೇಳುವಷ್ಟರಲ್ಲಿ ಅಪ್ಪನ ಕಂಪನಿಯ ಮ್ಯಾನೇಜರ್ ಕೈ ಒಳಕೋಣೆಯ ಬಾಗಿಲ ಹಿಡಿಯ ಮೇಲೆ ಬಿದ್ದಾಗಿತ್ತು.

ಆತ ತಟ್ಟನೆ ಕೈ ತೆಗೆದ. “ಸಾರಿ, ಕೈ ತೊಳೆಯೋಕೆ ಅಂತ...” ಎಂದ.

ಕೈ ತೊಳೆಯುವ ಬೇಸಿನ್ನು ಆತನ ಮೊಣಕೈ ಪಕ್ಕದಲ್ಲೇ ಇತ್ತು. ಮಗಳು ಬೇಸಿನ್ನನ್ನು ನೋಡಿದಳು, ಆತನನ್ನು ನೋಡಿದಳು. ಅವಳು ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವವಳು. ಹದಿನಾರು ವರ್ಷದಿಂದ ಜನರ ಸುಳ್ಳನ್ನು ಎದುರೆದುರೇ ನಿಂತು ಕೇಳಿದವಳು. ಸುಳ್ಳು ಹೇಳುವವರು ಮೊದಲು ಸಾರಿ ಅನ್ನುತ್ತಾರೆ, ಕಾರಣ ಆಮೇಲೆ ಹುಡುಕುತ್ತಾರೆ ಎಂಬುದು ಅವಳ ಅನುಭವ.

ನಡುಮನೆಯಲ್ಲಿ ಅಪ್ಪ ಮಲಗಿದ್ದರು. ಎದೆಯ ತನಕ ಬಿಳಿ ಬಟ್ಟೆ. ನಿನ್ನೆ ಬೆಳಿಗ್ಗೆ ಶೂ ಹಾಕಿಕೊಳ್ಳಲು ಕೂತವರು ಒಂದು ಲೇಸು ಕಟ್ಟಿ, ಇನ್ನೊಂದು ಕಟ್ಟುವ ಮೊದಲೇ ಹೋಗಿಬಿಟ್ಟಿದ್ದರು. ಅಮ್ಮ ಅವರ ಕನ್ನಡಕ ಒರೆಸಿ ಮುಖಕ್ಕೆ ಹಾಕಿಟ್ಟಿದ್ದಳು. “ಅದಿಲ್ದೆ ಅವರಿಗೆ ಒಂದಕ್ಷರ ಕಾಣಲ್ಲ,” ಎಂದು ಹೇಳಿದ್ದಳು. ತೆಗೆಯಲು ಯಾರಿಗೂ ಧೈರ್ಯ ಬಂದಿರಲಿಲ್ಲ.

ಕಾಲ ಬಳಿ ಕಂಪನಿಯ ಹೂವಿನ ಚಕ್ರ ಇತ್ತು. ಇಬ್ಬರು ಹೊತ್ತುಕೊಂಡು, ಬಾಗಿಲಲ್ಲಿ ಓರೆ ಮಾಡಿ ಒಳಗೆ ತಂದಷ್ಟು ದೊಡ್ಡದು. ಅಪ್ಪ ಆ ಅನುವಾದ ಕಂಪನಿಯಲ್ಲಿ ಮೂವತ್ತೊಂದು ವರ್ಷ ದುಡಿದವರು. ಬಟ್ಟೆ ಒಗೆಯುವ ಯಂತ್ರದಿಂದ ಹಿಡಿದು ಮಾತ್ರೆ ಡಬ್ಬಿಯವರೆಗೆ, ಹೊರದೇಶದಿಂದ ಬಂದ ಎಲ್ಲದರ ಬಳಕೆ ಪುಸ್ತಕವನ್ನೂ ನಮ್ಮ ಭಾಷೆಗೆ ತರುವ ಕೆಲಸ. ಆಫೀಸಿನಲ್ಲಿ ಎಲ್ಲರೂ ಅವರನ್ನು ನಿಘಂಟು ಎಂದೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ಒಂದು ಮೊಳ ಹೂವನ್ನೂ ಕೊಡದವರು ಇವತ್ತು ಇಷ್ಟು ದೊಡ್ಡದು ಕಳಿಸಬೇಕಾದರೆ, ಇದರ ಹಿಂದೆ ಏನೋ ಇದೆ ಎಂದು ಮಗಳ ಮನಸ್ಸು ಕೊರೆಯುತ್ತಿತ್ತು.

ಅನುಮಾನಕ್ಕೆ ಇನ್ನೊಂದು ಕಾರಣ ಗೋಡೆಗೆ ಒರಗಿ ಕೂತಿತ್ತು. ಆಫೀಸಿನಲ್ಲಿ ಅಪ್ಪನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಹೆಂಗಸು. ನಲವತ್ತೈದರ ಆಸುಪಾಸು. ನೆಂಟರು ಬರುವ ಮೊದಲೇ ಬೆಳಿಗ್ಗೆ ಏಳಕ್ಕೆ ಬಂದವಳು ಬಿಕ್ಕುವುದನ್ನು ನಿಲ್ಲಿಸಿರಲಿಲ್ಲ. ಅಮ್ಮನೇ ಕಣ್ಣೊರೆಸಿಕೊಂಡು ಬಂದವರಿಗೆ ಕುರ್ಚಿ ಹಾಕುತ್ತಿರುವಾಗ, ಈಕೆಗೇನು ಇಷ್ಟು ಸಂಕಟ?

“ಚಿಕ್ಕಪ್ಪ, ಆಯಮ್ಮ ಯಾಕೆ ಅಷ್ಟು ಅಳ್ತಿದ್ದಾಳೆ?”

“ಸತ್ತ ಮನೇಲಿ ಅಳದೆ ನಗ್ತಾರೇನೇ?” ಎಂದರು ಚಿಕ್ಕಪ್ಪ, ಅಪ್ಪನ ತಮ್ಮ. “ಇದು ನಿನ್ನ ಬೋಗಿ ಅಲ್ಲ, ಮನೆ. ಬಂದೋರೆಲ್ಲರ ಟಿಕೆಟ್ ಕೇಳ್ಬೇಡ ಸುಮ್ನಿರು.”

ಅವಳಿಗೆ ಸುಮ್ಮನಿರಲು ಆಗಲಿಲ್ಲ. ಮ್ಯಾನೇಜರ್ ಅಮ್ಮನನ್ನು ಕಿಟಕಿಯ ಹತ್ತಿರ ಕರೆದು ಮೆತ್ತಗೆ ಮಾತಾಡುತ್ತಿದ್ದ. ಕೈಯಲ್ಲಿ ಒಂದು ಹಾಳೆ.

“ಏನಮ್ಮಾ ಅದು?”

“ಏನೋ ಆಫೀಸಿಂದಂತೆ. ಒಂದು ಸಹಿ ಬೇಕಂತೆ,” ಎಂದಳು ಅಮ್ಮ.

“ಸುಮ್ನೆ ಫಾರ್ಮಾಲಿಟಿ,” ಎಂದ ಮ್ಯಾನೇಜರ್. “ಜೊತೆಗೆ ಅವರ ಹತ್ರ ಆಫೀಸಿನ ಕಂಪ್ಯೂಟರ್ ಇದೆ. ಏನಾದ್ರೂ ಪುಸ್ತಕ, ಟಿಪ್ಪಣಿ ಇದ್ರೆ ಅದನ್ನೂ ಒಟ್ಟಿಗೆ ತಗೊಂಡು ಹೋಗ್ತೀನಿ.”

ಮಗಳು ಹಾಳೆ ಕಿತ್ತುಕೊಂಡು ಗಟ್ಟಿಯಾಗಿ ಓದಿದಳು. “‘ನನ್ನ ಪತಿಗೆ ಕೆಲವು ತಿಂಗಳಿಂದ ಆರೋಗ್ಯ ಸರಿಯಿರಲಿಲ್ಲ. ಕೆಲಸದಲ್ಲಿ ಗಮನ ನಿಲ್ಲುತ್ತಿರಲಿಲ್ಲ. ಇದನ್ನು ಅವರು ಕಚೇರಿಗೆ ತಿಳಿಸಿರಲಿಲ್ಲ.’”

ಚಿಕ್ಕಪ್ಪ ಎದ್ದು ಹತ್ತಿರ ಬಂದರು.

“ಯಾರಿಗೆ? ಇವರಿಗಾ ಗಮನ ನಿಲ್ತಿರಲಿಲ್ಲ?” ಅಮ್ಮನ ದನಿ ಏರಿತು. “ಉಪ್ಪಿನ ಪೊಟ್ಟಣದ ಮೇಲಿರೋ ಅಕ್ಷರಾನೂ ಪೂರ್ತಿ ಓದದೆ ಡಬ್ಬಿಗೆ ಸುರಿಯೋಕೆ ಬಿಡ್ತಿರಲಿಲ್ಲ ಈ ಮಹಾರಾಯ! ನಾನು ಇದಕ್ಕೆ ಸಹಿ ಹಾಕ್ಬೇಕಾ?”

“ಅಮ್ಮಾ, ನಾಳೆ ವಿಚಾರಣೆ ಇದೆ,” ಎಂದ ಆತ. “ನಿಮಗೆ ಅವರು ಹೇಳಿಲ್ಲ ಅನ್ಸುತ್ತೆ. ಮನೇಲಿ ಬಳಸೋ ಉಸಿರಾಟದ ಯಂತ್ರದ ಪುಸ್ತಕದಲ್ಲಿ ತಪ್ಪಾಗಿದೆ. ನಳಿಗೆನ ಮದ್ದಿನ ನೀರಲ್ಲಿ ತೊಳೆದ ಮೇಲೆ ಮೂರು ಸಲ ಬರೀ ನೀರಲ್ಲಿ ಜಾಲಿಸಬೇಕು ಅಂತ ಇತ್ತು. ಹದಿನೇಳನೇ ಹಾಳೆಯಲ್ಲಿ ಆ ಸಾಲೇ ಬಿಟ್ಟುಹೋಗಿದೆ. ಒಬ್ಬ ಮುದುಕರು ಮದ್ದಿನ ಘಾಟು ಎಳೆದು ಹನ್ನೊಂದು ದಿನ ಆಸ್ಪತ್ರೆ ಸೇರಿದ್ರು. ಬದುಕಿಕೊಂಡ್ರು, ಪುಣ್ಯ. ಆ ಹಾಳೆ ಓದಿ ಒಪ್ಪಿದೋರ ನಂಬರ್ ಏಳು. ನಿಮ್ಮ ಯಜಮಾನರದ್ದು. ಹುಷಾರಿರಲಿಲ್ಲ ಅಂತ ಬರೆದುಕೊಟ್ರೆ ಅವರ ಹೆಸರೂ ಉಳಿಯುತ್ತೆ. ನೀವು ಯೋಚನೆ ಮಾಡಿ. ನಾನು ಕಾರಲ್ಲಿ ಇರ್ತೀನಿ.”

ಅಪ್ಪನನ್ನು ಒಯ್ಯುವ ವ್ಯಾನು ಮೂರು ಗಂಟೆಗೆ ಬರುವುದಿತ್ತು. ಗಡಿಯಾರದಲ್ಲಿ ಎರಡು ದಾಟಿತ್ತು. ಅಪ್ಪನಿಂದ ಒಬ್ಬರ ಜೀವಕ್ಕೆ ಕುತ್ತು ಬಂದಿತ್ತೇ? ಆ ಮಾತು ಕೊರಳಿಗೆ ಕಟ್ಟಿಕೊಂಡೇ ಅವರು ಮನೆಯಿಂದ ಹೊರಡಬೇಕೇ?

*

ಐದು ವರ್ಷದ ಹಿಂದೆ ಕಂಪನಿಗೆ ಯಂತ್ರ ಬಂತು. ಅನುವಾದ ಅದೇ ಮಾಡುತ್ತದೆ, ನಾವು ನೋಡಿದರೆ ಸಾಕು ಎಂದು ಅಪ್ಪ ಮನೆಗೆ ಬಂದು ಹೇಳಿದ್ದರು. ಯಂತ್ರ ತನ್ನ ಸಾಲುಗಳಿಗೆ ತಾನೇ ಬಣ್ಣ ಹಚ್ಚುತ್ತಿತ್ತು. ಅನುಮಾನವಿದ್ದರೆ ಹಳದಿ, ಖಾತ್ರಿಯಿದ್ದರೆ ಹಸಿರು. ಹಳದಿಯನ್ನಷ್ಟೇ ಓದಿ ತಿದ್ದಬೇಕು, ಹಸಿರನ್ನು ತೆರೆಯಲೇಬಾರದು ಎಂದು ನಿಯಮ. ತೆರೆದರೆ ಹೊತ್ತು ಹಾಳು. ಕೊನೆಗೆ ತಮ್ಮ ತಮ್ಮ ನಂಬರ್ ಒತ್ತಿದರೆ ಹಾಳೆಯ ಕೆಳಗೆ ‘ಪ್ರತಿ ಸಾಲನ್ನೂ ಓದಿ ಒಪ್ಪಿದ್ದೇನೆ’ ಎಂದು ತಾನಾಗಿಯೇ ಮೂಡುತ್ತಿತ್ತು.

ಒಂದು ಭಾನುವಾರ ಮಗಳು ತವರಿಗೆ ಬಂದಾಗ ಅಪ್ಪ ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಹಸಿರು ಸಾಲುಗಳನ್ನು ಒಂದೊಂದೇ ಓದುತ್ತಿದ್ದರು. ಎಡಗೈ ಬೆರಳು ಮೂಲ ಪುಸ್ತಕದ ಮೇಲೆ, ಬಲಗೈ ಬೆರಳು ಪರದೆಯ ಮೇಲೆ.

“ರಜೆ ದಿನಾನೂ ಇದೇನಾ? ಹಸಿರು ಅಂದ್ರೆ ಸರಿಯಿದೆ ಅಂತ ತಾನೇ ಅಪ್ಪ? ಓದಬಾರದು ಅಂತ ಅವರೇ ಹೇಳಿದ್ದಾರಲ್ಲ.”

“ಟಿಕೆಟ್ ಇದೆ ಅಂತ ಬಾಯಲ್ಲಿ ಹೇಳಿದ್ರೆ ನೀನು ಬಿಡ್ತೀಯೇನೇ?”

“ಬಿಡಲ್ಲ. ಅವರು ಮನುಷ್ಯರು, ಸುಳ್ಳು ಹೇಳ್ತಾರೆ.”

“ಇದು ಸುಳ್ಳು ಹೇಳಲ್ಲ, ಪಾಪ. ಇದಕ್ಕೆ ಗೊತ್ತಿಲ್ಲ ಅಂತಾನೂ ಗೊತ್ತಿರಲ್ಲ. ಓದೋಕೆ ಎಷ್ಟು ಚೆನ್ನಾಗಿರುತ್ತೆ ಗೊತ್ತಾ? ತಪ್ಪು ಇದ್ರೆ ಕಣ್ಣಿಗೆ ಹೊಡೆಯುತ್ತೆ. ಇಲ್ಲದೇ ಇರೋದು ಕಣ್ಣಿಗೆ ಬೀಳೋದು ಹೇಗೆ?”

“ಹಾಗಾದ್ರೆ ದಿನಕ್ಕೆ ಇಷ್ಟು ಹಾಳೆ ಅಂತ ಲೆಕ್ಕ ಇದೆಯಲ್ಲ, ಅದನ್ನ ಮುಗಿಸೋದು ಯಾವಾಗ?”

ಅಪ್ಪ ಪಕ್ಕದಲ್ಲಿದ್ದ ಸಣ್ಣ ಪುಸ್ತಕವನ್ನು ಕಂಪ್ಯೂಟರಿನ ಕೆಳಗೆ ಸರಿಸಿದರು. ಅದೇನೆಂದು ಅವಳು ಅವತ್ತೇ ಕೇಳಬೇಕಿತ್ತು. ಅಪ್ಪನನ್ನು ತಪಾಸಣೆ ಮಾಡುವುದು ಬೇಡ ಎಂದು ಬಿಟ್ಟಿದ್ದಳು.

*

ಆ ಸಣ್ಣ ಪುಸ್ತಕ ಒಳಕೋಣೆಯ ಕಪಾಟಿನಲ್ಲಿ, ಮಡಿಸಿಟ್ಟ ಸ್ವೆಟರಿನ ಒಳಗೆ ಸಿಕ್ಕಿತು. ಮಗಳು ಚಿಲಕ ಹಾಕಿಕೊಂಡು ಕಿಟಕಿಯ ಬಳಿ ನಿಂತು ಪುಟ ತಿರುಗಿಸಿದಳು. ದಿನಕ್ಕೆ ಒಂದೋ ಎರಡೋ ಸಾಲು, ಎಲ್ಲವೂ ಪೆನ್ಸಿಲ್ಲಿನಲ್ಲಿ. ‘ಹೊಲಿಗೆ ಯಂತ್ರ, ಒಂದರಿಂದ ಒಂಬತ್ತು, ನಾನು. ಹತ್ತರಿಂದ ಹದಿನೆಂಟು, ಪಕ್ಕದ ಮೇಜು.’ ‘ಕೆಮ್ಮಿನ ಔಷಧಿ, ಪೂರ್ತಿ ನಾನು.’ ‘ಲಿಫ್ಟು, ಕೊನೆಯ ಆರು ಹಾಳೆ, ಪಕ್ಕದ ಮೇಜು.’

ಅವಳಿಗೆ ಒಂದೇ ಏಟಿಗೆ ಅರ್ಥವಾಯಿತು. ಅಪ್ಪ ಹಸಿರು ಓದುತ್ತಾ ಹಿಂದೆ ಬೀಳುತ್ತಿದ್ದರು. ಉಳಿದ ಹಾಳೆಗಳನ್ನು ಪಕ್ಕದ ಮೇಜಿನಾಕೆ ಅಪ್ಪನ ನಂಬರಿನಲ್ಲೇ ಸರಸರನೆ ಮುಗಿಸಿ ಕೊಡುತ್ತಿದ್ದಳು. ತಾನು ಓದದ ಹಾಳೆಯನ್ನು ಓದಿದೆ ಎನ್ನಲು ಅಪ್ಪನಿಗೆ ಮನಸ್ಸು ಬಾರದೆ, ಯಾವುದು ಯಾರದೆಂದು ಬರೆದಿಡುತ್ತಿದ್ದರು.

ಉಸಿರಾಟದ ಯಂತ್ರ ಎರಡು ತಿಂಗಳ ಹಿಂದಿನ ಪುಟದಲ್ಲಿತ್ತು. ‘ಹದಿನಾಲ್ಕರಿಂದ ಇಪ್ಪತ್ತೆರಡು, ನಾನೇ.’

‘ನಾನೇ’ ಮಾತ್ರ ನೀಲಿ ಶಾಯಿಯಲ್ಲಿತ್ತು.

ಅವಳು ಪುಟವನ್ನು ಬೆಳಕಿಗೆ ಓರೆಯಾಗಿ ಹಿಡಿದಳು. ಪಾಸಿನ ತಾರೀಖು ತಿದ್ದಿ ತರುವವರನ್ನು ಅವಳು ಹಿಡಿಯುವುದು ಹೀಗೆಯೇ. ರಬ್ಬರಿನಿಂದ ಉಜ್ಜಿದ ಜಾಗದಲ್ಲಿ ಕಾಗದ ಸವೆದಿತ್ತು. ಶಾಯಿಯ ಕೆಳಗೆ ಪೆನ್ಸಿಲ್ಲು ಒತ್ತಿದ ಗುರುತು ಹಾಗೇ ಉಳಿದಿತ್ತು. ಪಕ್ಕದ ಮೇಜು.

ಅಪ್ಪನ ಮೇಲೆ ಅವಳಿಗೆ ಕೋಪ ಉಕ್ಕಿ ಬಂತು. ಸತ್ತವರ ಮೇಲೆ ಕೋಪ ಮಾಡಿಕೊಳ್ಳಬಾರದು ಎನ್ನುತ್ತಾರೆ, ಬಂದರೆ ಏನು ಮಾಡುವುದು? ಬಾಗಿಲು ತೆರೆದು ನಡುಮನೆಗೆ ಹೋಗಿ ಆ ಹೆಂಗಸಿನ ಮುಂದೆ ನಿಂತಳು.

“ಒಂದ್ನಿಮಿಷ ಒಳಗೆ ಬನ್ನಿ.”

*

ಶುಕ್ರವಾರ ರಾತ್ರಿ, ಅಪ್ಪ ಹೋಗುವ ಹಿಂದಿನ ದಿನ, ಅವಳಿಗೆ ಫೋನ್ ಮಾಡಿದ್ದರು. ಊಟ ಆಯಿತಾ, ಮಕ್ಕಳು ಹೇಗಿದ್ದಾರೆ ಎಂದೆಲ್ಲ ಕೇಳಿ ಮುಗಿದ ಮೇಲೂ ಇಟ್ಟಿರಲಿಲ್ಲ.

“ಏನಪ್ಪಾ? ಹುಷಾರಿದ್ದೀರ ತಾನೇ?”

“ಗುಂಡುಕಲ್ಲಿನ ಹಾಗಿದ್ದೀನಿ. ಅಲ್ಲ ಕಣೇ, ಟಿಕೆಟ್ ಇಲ್ಲದೋರನ್ನ ನೀನು ಯಾವತ್ತಾದ್ರೂ ಹಾಗೇ ಬಿಟ್ಟಿದ್ದೀಯಾ?”

“ಇಲ್ಲಪ್ಪ. ಒಬ್ಬರನ್ನೂ ಬಿಟ್ಟಿಲ್ಲ.”

“ಒಬ್ಬರನ್ನೂ?”

“ಒಬ್ಬರನ್ನೂ. ಯಾಕೆ?”

“ಸುಮ್ನೆ ಕೇಳ್ದೆ. ಮಲ್ಕೋ,” ಎಂದು ಇಟ್ಟುಬಿಟ್ಟರು.

*

ಪಕ್ಕದ ಮೇಜಿನಾಕೆ ಪುಟವನ್ನು ನೋಡಿದವಳೇ ಅಪ್ಪನ ಕುರ್ಚಿಯ ಮೇಲೆ ಕುಸಿದು ಕೂತಳು.

“ಇದೇನಿದು? ಇದು ಅವರದ್ದಲ್ಲ. ಈ ಹಾಳೆ ನಂದು.”

“ಗೊತ್ತು.”

“ಇಲ್ಲ, ನಿಮಗೆ ಗೊತ್ತಿಲ್ಲ. ಆ ಮುದುಕರ ಸುದ್ದಿ ಬಂದ ದಿನಾನೇ ನಾನು ಹೇಳ್ತೀನಿ ಸರ್ ಅಂತ ನಿಮ್ಮಪ್ಪನಿಗೆ ಅಂದೆ. ಮನೆ ನಡೆಯೋದು ನಿನ್ನೊಬ್ಬಳ ದುಡಿಮೆಯಿಂದ, ಅವಸರ ಮಾಡ್ಬೇಡ, ಸೋಮವಾರ ಇಬ್ಬರೂ ಒಟ್ಟಿಗೆ ಹೋಗಿ ಹೇಳೋಣ ಅಂದ್ರು. ಇಬ್ಬರೂ ಅಂದಿದ್ರು! ನನ್ನ ನಂಬಿಸಿ ಇಲ್ಲಿ ಹೀಗೆ ಬರೆದಿಟ್ಟಿದ್ದಾರೆ.” ಅವಳ ಅಳು ನಿಂತುಹೋಗಿ ಮುಖ ಕೆಂಪಾಗಿತ್ತು. “ಆ ಸಾಲು ಹಸಿರಿತ್ತು. ನಾನು ತೆರೆಯಲಿಲ್ಲ. ಯಾರೂ ತೆರೆಯಲ್ಲ. ನಿಮ್ಮಪ್ಪ ಒಬ್ಬರೇ ತೆರೀತಿದ್ದದ್ದು. ಅದಕ್ಕೆ ಅವರಿಗೆ ಎರಡು ಸಲ ನೋಟಿಸ್ ಬಂದಿತ್ತು. ಅವರ ಕೆಲಸ ಉಳೀಲಿ ಅಂತಾನೇ ನಾನು ಮಾಡಿಕೊಡ್ತಿದ್ದೆ.”

“ಮ್ಯಾನೇಜರ್‌ಗೆ ಗೊತ್ತಾ?”

“ಗೊತ್ತಿಲ್ಲದೆ ಇರುತ್ತಾ? ಪ್ರತಿ ಸಾಲನ್ನೂ ಮನುಷ್ಯರೇ ಓದ್ತಾರೆ ಅಂತ ಹೇಳಿ ವ್ಯಾಪಾರ ತರೋರು ಅವರೇ. ಓದಬೇಡಿ ಅನ್ನೋರೂ ಅವರೇ. ಸತ್ತೋರು ಎದುರು ಮಾತಾಡಲ್ಲ ನೋಡಿ.”

ಬೆಳಿಗ್ಗೆಯಿಂದ ಈಕೆಯ ಬಗ್ಗೆ ಏನೇನು ಯೋಚಿಸಿದ್ದೆನೆಂದು ನೆನೆದು ಮಗಳಿಗೆ ನಾಚಿಕೆಯಾಯಿತು. ಆದರೂ ಬಾಯಿಗೆ ಬಂದದ್ದು ಬೇರೆ.

“ಅಪ್ಪ ನಿಮ್ಮನ್ನ ಬಿಟ್ಟರು. ನಾನು ಬಿಡೋಳಲ್ಲ.”

“ಬಿಡಬೇಡಿ,” ಎಂದಳು ಆಕೆ.

ಮೇಜಿನ ಮೇಲಿದ್ದ ಅಪ್ಪನ ಶಾಯಿ ಪೆನ್ನು ತೆಗೆದುಕೊಂಡು, ‘ನಾನೇ’ ಮೇಲೆ ಗಟ್ಟಿಯಾಗಿ ಗೆರೆ ಎಳೆದಳು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಬರೆಯತೊಡಗಿದಳು. ಒತ್ತಿದ ರಭಸಕ್ಕೆ ನಿಬ್ಬು ಕಾಗದಕ್ಕೆ ಚುಚ್ಚಿ ಶಾಯಿ ಹೊಂಡವಾಗಿ ನಿಂತಿತು. ‘ಪಕ್ಕದ ಮೇಜು. ಹಸಿರು ಸಾಲು ಯಾರೂ ಓದಿಲ್ಲ.’

ಹೊರಗೆ ವ್ಯಾನು ಬಂದ ಸದ್ದಾಯಿತು.

ನಾಲ್ಕು ಜನ ಅಪ್ಪನನ್ನು ಎತ್ತಿದರು. ಅಮ್ಮ ಹಿಂದೆಯೇ ನಡೆದಳು. ಎಲ್ಲರ ಕಣ್ಣು ಅತ್ತ ಇರುವಾಗ ಪಕ್ಕದ ಮೇಜಿನಾಕೆ ಪುಸ್ತಕ ತೆರೆದು ಹಿಡಿದುಕೊಂಡೇ ರಸ್ತೆ ದಾಟಿ ಮ್ಯಾನೇಜರ್ ಕಾರಿನ ಗಾಜು ತಟ್ಟಿದಳು. ಮಗಳು ಗೇಟಿನ ಬಳಿಯಿಂದ ನೋಡಿದಳು. ಗಾಜು ನಾಲ್ಕು ಬೆರಳಿನಷ್ಟು ಇಳಿಯಿತು.

“ಸರ್, ಹದಿನಾಲ್ಕನೇ ಹಾಳೆಯಿಂದ ನಂದು. ನಿಘಂಟು ಸರ್‌ದಲ್ಲ. ನಾಳೆ ವಿಚಾರಣೇಲಿ ನಾನೇ ಹೇಳ್ತೀನಿ.”

“ಇವತ್ತು ಇದೆಲ್ಲ ಯಾಕಮ್ಮಾ?” ಆತನ ದನಿ ಬಹಳ ಮೃದುವಾಗಿತ್ತು. “ಹೋದೋರ ಜೊತೆ ಹೋಗ್ಲಿ ಬಿಡಿ. ನೀವು ನಾಳೆ ರಜೆ ತಗೊಳ್ಳಿ.”

ಗಾಜು ಮೇಲೇರಿತು.

ಆಕೆ ಪುಸ್ತಕದ ತೆರೆದ ಪುಟವನ್ನು ಗಾಜಿಗೆ ಆನಿಸಿ ಅಂಗೈಯಿಂದ ಒತ್ತಿದಳು. ಆತ ಮುಖ ಆ ಕಡೆ ತಿರುಗಿಸಿದ. ಮಗಳು ರಸ್ತೆಗೆ ಇಳಿದು ಓಡಿ ಬಂದು ಅವಳ ಕೈಯ ಪಕ್ಕದಲ್ಲಿ ತನ್ನ ಕೈಯನ್ನೂ ಇಟ್ಟು ಒತ್ತಿದಳು. ಎಂಜಿನ್ ಗುರುಗುಟ್ಟಿತು. ಕಾರು ಚಲಿಸಿತು. ಪುಸ್ತಕ ಇಬ್ಬರ ಕೈಯಲ್ಲೂ ಉಳಿಯಿತು.

ಆರದ ಶಾಯಿ ಮಾತ್ರ ಗಾಜಿಗೆ ಹತ್ತಿಕೊಂಡಿತ್ತು. ಮುಂದೆ ವ್ಯಾನು ದಾರಿ ಕಟ್ಟಿದ್ದರಿಂದ ಕಾರು ಅದರ ಹಿಂದೆಯೇ ಮೆಲ್ಲಗೆ ತೆವಳಬೇಕಾಯಿತು. ಬಿಸಿಲಿಗೆ ಹೊಳೆಯುತ್ತಿದ್ದ ನೀಲಿ ಕಲೆಯನ್ನು ಮ್ಯಾನೇಜರ್ ಒಳಗಿನಿಂದ ಹೆಬ್ಬೆರಳಲ್ಲಿ ಉಜ್ಜುತ್ತಿದ್ದ, ಬೀದಿಯ ತಿರುವಿನ ತನಕವೂ ಉಜ್ಜುತ್ತಲೇ ಇದ್ದ.