ಅತ್ತೆಯ ಮಾತ್ರೆ ಕಾಫಿ

"ಸುನಿತಾ ಅಂದ್ರೆ ಯಾರು? ಪಾರ್ಸಲ್ ಬಂದದೆ, ಓಟೀಪಿ ಹೇಳಿ!" ಎಂದು ಕೊರಿಯರಿನವನು ಗೇಟಿನಿಂದಲೇ ಕೂಗಿದಾಗ ಸುನಿತಾ ಅತ್ತೆಯ ಕಾಲ ಬಳಿ ಕೂತು, ಸಡಿಲವಾಗಿದ್ದ ಹೆಬ್ಬೆರಳ ದಾರವನ್ನು ಬಿಗಿ ಮಾಡುತ್ತಿದ್ದಳು. ಆಮೇಲೆ ಅವನ ಕಣ್ಣಿಗೆ ಶಾಮಿಯಾನ ಬಿತ್ತು, ಬಾಗಿಲಲ್ಲಿ ಹೊಗೆಯಾಡುತ್ತಿದ್ದ ಸೌದೆ ಕೊರಡು ಬಿತ್ತು, ಚಾಪೆಯ ಮೇಲೆ ಮಲಗಿಸಿದ್ದ ಹೆಣವೂ ಬಿತ್ತು. "ತಪ್ಪಾಯ್ತು ಕಣಕ್ಕ, ನೋಡ್ನಿಲ್ಲ," ಎಂದು ಹೆಲ್ಮೆಟ್ ತೆಗೆದು, ಓಟೀಪಿಯನ್ನೂ ಕೇಳದೆ ಡಬ್ಬವನ್ನು ಕಾಂಪೌಂಡಿನ ಮೇಲಿಟ್ಟು ಹೋದ.

ಡಬ್ಬದಲ್ಲಿ ಏನಿದೆಯೆಂದು ಬಿಚ್ಚಿ ನೋಡಬೇಕಿರಲಿಲ್ಲ. ನೇರಳೆ ಬಣ್ಣದ ಐವತ್ತು ಕಾಫಿ ಕ್ಯಾಪ್ಸೂಲುಗಳು. ನಾಲ್ಕು ದಿನ ತಡವಾಗಿ ಬಂದಿದ್ದವು. ಹಾಳಾದದ್ದು, ಮೊನ್ನೆಯೇ ಬಂದಿದ್ದರೆ ಏನಾಗುತ್ತಿತ್ತು!

ಪಾಂಡವಪುರದ ಆ ಬೀದಿಯಲ್ಲಿ ಬೆಳಗಿನಿಂದ ಜನ ಬರುತ್ತಲೇ ಇದ್ದರು. ಸತ್ತವಳು ಚಿಕ್ಕಬೋರಮ್ಮ, ಎಪ್ಪತ್ನಾಲ್ಕು ವರ್ಷ. ಹೊಣಕೆರೆಯಿಂದ ಸೊಸೆಯಾಗಿ ಬಂದವಳು, ನಾಟಿ ಹಾಕಿದಳು, ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕಿದಳು, ಗಂಡನನ್ನು ಮಣ್ಣು ಮಾಡಿದಳು, ಮಗಳು ರಂಜಿತಳನ್ನು ಕಿಕ್ಕೇರಿಗೆ ಕೊಟ್ಟಳು, ಮಗ ರವೀಂದ್ರನಿಗೆ ಸುನಿತಾಳನ್ನು ತಂದಳು. ಹೇಳಿಕೊಳ್ಳುವಂಥದ್ದು ಇಷ್ಟೇ. ಒಂದು ಚಟವಿತ್ತು, ಕಾಫಿ. ನಿನ್ನೆ ಸಂಜೆ ಜಗಲಿಯ ಮೇಲೆ ಕೂತಿದ್ದವಳು ಕೂತ ಹಾಗೇ ಹೋಗಿಬಿಟ್ಟಳು.

ಸುನಿತಾ ಮಾತ್ರ ಅತ್ತಿರಲಿಲ್ಲ. ಸಾವಿನ ಮನೆಯಲ್ಲಿ ಊರಿನ ಕಣ್ಣೆಲ್ಲ ಸೊಸೆಯ ಕಣ್ಣಿನ ಮೇಲೇ ಇರುತ್ತದೆ ನೋಡಿ. "ಒಂದನಿ ನೀರಾದ್ರೂ ಬಂದದಾ ಅಂತ," ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದ್ದು ಅವಳಿಗೂ ಕೇಳಿಸಿತ್ತು. ಅಳು ಬರುವುದಕ್ಕೆ ಎದೆಯೊಳಗೆ ಜಾಗವಿರಲಿಲ್ಲ, ಭಯವೇ ತುಂಬಿಕೊಂಡಿತ್ತು.

ರಂಜಿತ ಎದ್ದು ಹೋಗಿ ಡಬ್ಬವನ್ನು ಎತ್ತಿಕೊಂಡು ಬಂದಳು. ಅತ್ತು ಅತ್ತು ಅವಳ ಗಂಟಲು ಒಡೆದುಹೋಗಿತ್ತು.

"ಸುನಿತಾ, ಇದು ಅವ್ವನ ಕಾಫಿ ಅಲ್ವಾ? ಅದೇ ನೇರಳೆದು? ನೀನು ಅವ್ವಂಗೆ ಅಂತ್ಲೇ ತರ್ಸ್ತಿದ್ದುದ್ದು?"

"ಊಂ ಅತ್ಗೆ."

"ಎತ್ತಕ್ ಮುಂಚೆ ಬಾಯಿಗೆ ಇದ್ನೇ ಬುಡ್ಬೇಕು. ಹಾಲು ನೀರು ಎಲ್ರಿಗೂ ಬುಡ್ತಾರೆ. ನಮ್ಮವ್ವಂಗೆ ಕಾಫಿ. ನಿನ್ ಕೈಯಾರೆ ನೀನೇ ಮಾಡ್ಕೊಂಡ್ ಬಾ."

*

ಹೋದ ವರ್ಷ ಮೈಸೂರಿನ ಹೃದಯದ ಡಾಕ್ಟರು ಚೀಟಿಯಿಂದ ತಲೆ ಎತ್ತದೆ, "ಇನ್ಮೇಲೆ ಕಾಫಿ ಮುಟ್ಟಂಗಿಲ್ಲ," ಎಂದಿದ್ದರು. ಅತ್ತೆ ಮನೆಗೆ ಬಂದವಳೇ ಮುಸುಕೆಳೆದು ಮಲಗಿದಳು. ಮೂರು ದಿನ ಮುದ್ದೆಯನ್ನೂ ಮುಟ್ಟಲಿಲ್ಲ. "ಕಾಫಿ ಇಲ್ದೆ ಬದ್ಕಿ ನಾನೇನ್ ಕೋಟೆ ಆಳ್ಬೇಕಾ?" ಎಂಬುದು ಅವಳ ವಾದ.

ರವೀಂದ್ರನದು ಮಿಕ್ಸಿ, ಕುಕ್ಕರು, ಫ್ಯಾನುಗಳ ಅಂಗಡಿ. ಕ್ಯಾಪ್ಸೂಲು ಹಾಕಿ ಗುಂಡಿ ಒತ್ತಿದರೆ ಕಾಫಿ ಬರುವ ಮಿಷಿನ್ನು ಒಂದನ್ನು ತರಿಸಿ, ಎರಡು ವರ್ಷ ಯಾರೂ ಕೊಳ್ಳದೆ, ಕೊನೆಗೆ ಮನೆಗೆ ಹೊತ್ತು ತಂದಿದ್ದ. ಅತ್ತೆ ಅದಕ್ಕೆ ಮಾತ್ರೆ ಕಾಫಿ ಎಂದು ಹೆಸರಿಟ್ಟಿದ್ದಳು. ಮೂರನೆಯ ದಿನ ಸುನಿತಾ ಆ ಮಿಷಿನ್ನಿನ ಮುಂದೆ ಕೂತು ಫೋನಿನಲ್ಲಿ ಕ್ಯಾಪ್ಸೂಲು ಹುಡುಕತೊಡಗಿದಳು. ಅಬ್ಬಬ್ಬಾ, ಎಷ್ಟು ಬಗೆ! ಕಡುಪು ಐದು, ಕಡುಪು ಒಂಬತ್ತು, ಕಡುಪು ಹನ್ನೆರಡು; ಅಂಕೆ ಏರಿದಷ್ಟೂ ಕಾಫಿ ಸ್ಟ್ರಾಂಗಂತೆ. ಒಂದರಲ್ಲಿ ಹುರಿದ ಬಾದಾಮಿಯ ಘಮವಂತೆ, ಇನ್ನೊಂದರಲ್ಲಿ ಕಿತ್ತಳೆ ಸಿಪ್ಪೆಯದಂತೆ. ಹುಡುಕಿ ಹುಡುಕಿ ತಳದಲ್ಲಿ ಒಂದು ಸಿಕ್ಕಿತು. ನೇರಳೆ ಬಣ್ಣ, ಕೆಫೀನು ತೆಗೆದದ್ದು. ಅಂದರೆ ಬಣ್ಣ ಕಾಫಿಯದೇ, ವಾಸನೆಯೂ ಸುಮಾರಾಗಿ ಕಾಫಿಯದೇ, ಎದೆಯನ್ನು ಬಡಿದೆಬ್ಬಿಸುವ ಸತ್ವ ಮಾತ್ರ ಇಲ್ಲ. ಇನ್ನೊಬ್ಬ ಡಾಕ್ಟರಿಗೆ ಫೋನು ಮಾಡಿ ಕೇಳಿದಳು. ದಿನಕ್ಕೊಂದು ಕೊಡಿ, ಪರವಾಗಿಲ್ಲ ಎಂದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಸುನಿತಾ ಹಿಗ್ಗಿದಳು.

"ಅತ್ತೆ, ಡಾಕ್ಟ್ರು ಒಂದಕ್ಕೆ ಒಪ್ಕೊಂಡ್ರು. ಇದು ಎಲ್ಲಾದಕ್ಕಿಂತ ಸ್ಟ್ರಾಂಗು, ನಿಮ್ಗೇ ಅಂತ ತರ್ಸಿದೀನಿ," ಎಂದು, ಡಬ್ಬ ಬಂದ ಮಾರನೆಯ ಬೆಳಿಗ್ಗೆ ಲೋಟ ಹಿಡಿದುಕೊಂಡು ಹೋಗಿ ಮುಸುಕು ಸರಿಸಿದಳು.

ಅತ್ತೆ ಎದ್ದು ಕೂತು ಒಂದು ಗುಟುಕು ಕುಡಿದಳು. ಸೊಸೆಯ ಮುಖ ನೋಡಿದಳು. ಇನ್ನೊಂದು ಗುಟುಕು ಕುಡಿದಳು.

"ಚೆನ್ನಾಗದೆ ಕಣವ್ವ. ಇದ್ನೇ ತರ್ಸು."

ಅವತ್ತಿನಿಂದ ಬೀದಿಗೆಲ್ಲ ಅದೇ ಮಾತು. "ನಮ್ ಸೊಸೆ ಎಂಗೆ ಗೊತ್ತಾ? ನಂಗೊಬ್ಳಿಗೇ ಅಂತ ನೇರಳೆ ಬಣ್ಣುದ್ದು ತರ್ಸ್ತಾಳೆ. ಮನೇವ್ರಿಗೆಲ್ಲ ಕರೀದು." ಅತ್ತೆ ಹಾಗೆ ಮೆರೆದಾಗಲೆಲ್ಲ ಸುನಿತಾ ಕೆಲಸದ ನೆವ ಮಾಡಿ ಒಳಗೆ ಹೋಗುತ್ತಿದ್ದಳು.

*

ರಂಜಿತಳ ಬೇಡಿಕೆಗೆ ಮೊದಲು ಅಡ್ಡ ಬಂದವಳು ಚಿಕ್ಕಬೋರಮ್ಮನ ತಂಗಿ ಕುಳ್ಳಮ್ಮ. ಹೊಣಕೆರೆಯಿಂದ ತವರಿನ ಸೀರೆ ತಂದು ಕೂತಿದ್ದಳು.

"ಹೆಣ ಇರೋ ಮನೇಲಿ ಒಲೆ ಹಚ್ಚದುಂಟೇನೆ? ಬುದ್ಧಿ ನೆಟ್ಗದಾ ನಿಂಗೆ?"

"ಒಲೆ ಎಲ್ಲಿ ಹಚ್ತೀವಿ ಚಿಕ್ಕವ್ವ? ಸ್ವಿಚ್ಚು ಒತ್ತದು ಅಷ್ಟೇಯ."

ನ್ಯಾಯ ಕುಲದ ಯಜಮಾನ ನರಸಯ್ಯನವರ ಮುಂದೆ ಬಂತು. ಎಂಬತ್ತು ದಾಟಿದ ಮುದುಕ, ಊರಿನ ಎಷ್ಟೋ ಸಾವಿನ ಶಾಸ್ತ್ರ ಬಲ್ಲವರು. ಮಿಷಿನ್ನಿನ ಶಾಸ್ತ್ರ ಅವರಿಗೂ ಹೊಸದು. ಬಾಯಿಯ ಎಲೆ ಅಡಿಕೆಯನ್ನು ಉಗಿದು ಬಂದು ಕೂತರು.

"ಉರಿ ಕಾಣ್ತದಾ?"

"ಇಲ್ಲ ಯಜಮಾನ್ರೇ."

"ಹೊಗೆ?"

"ಹೊಗೆ ಇಲ್ಲ, ಹಬೆ ಬತ್ತದೆ."

"ಹಬೆಗೆ ನಮ್ ಹಿರೀಕ್ರು ಏನೂ ಹೇಳಿಲ್ಲ. ಮಾಡ್ಕೊಳಿ. ಹಾಲು ಮಾತ್ರ ಬ್ಯಾರೆ ಮನೇಲಿ ಕಾಸಿ ತನ್ನಿ."

ಹಾಲು ಪಕ್ಕದ ಮನೆಯ ಕಮರುನ್ನೀಸಾ ಕಾಸಿ ತಂದಳು. ಬೆಳಗಿನಿಂದ ಬಂದವರಿಗೆಲ್ಲ ಟೀ ಮಾಡಿ ಕಳಿಸುತ್ತಿದ್ದವಳೂ ಅವಳೇ. ರಂಜಿತ, ಕುಳ್ಳಮ್ಮ, ಕಮರುನ್ನೀಸಾ ಮೂವರೂ ಸುನಿತಾಳ ಹಿಂದೆ ಅಡಿಗೆಮನೆಗೆ ಬಂದರು. ಮಿಷಿನ್ನಿನ ಪಕ್ಕದಲ್ಲಿ ಕರಿ ಬಣ್ಣದ ಡಬ್ಬಿ, ಅದರ ಪಕ್ಕದಲ್ಲಿ ಈಗ ಬಂದ ಪಾರ್ಸಲ್ಲು. ಸುನಿತಾ ಚಾಕುವಿನಿಂದ ಅಂಟುಪಟ್ಟಿ ಕೊಯ್ಯಲು ಹೋದಳು. ಕೊಯ್ಯದೆ ಚಾಕುವನ್ನು ಕೆಳಗಿಟ್ಟಳು.

*

ನಿನ್ನೆ ಬೆಳಿಗ್ಗೆ ನೇರಳೆ ಡಬ್ಬಿ ಖಾಲಿಯಾಗಿ ನಾಲ್ಕು ದಿನವಾಗಿತ್ತು. ನಾಲ್ಕೂ ದಿನ ಅತ್ತೆ ಜಗಲಿಯ ಮೇಲೆ ಕೂತು ಗೇಟು ಕಾಯುತ್ತಿದ್ದಳು. "ಬರ್ನಿಲ್ವಾ ಸುನಿತಾ?" "ಇವತ್ತು ಬತ್ತದೆ ಅತ್ತೆ." ಐದನೆಯ ದಿನ, ಅಂದರೆ ನಿನ್ನೆ, ಆ ಮುಖವನ್ನು ನೋಡಲಾಗಲಿಲ್ಲ. ಒಂದು ಸಲಕ್ಕೆ ಏನಾದೀತು ಎಂದುಕೊಂಡು ಸುನಿತಾ ಕರಿಯದನ್ನೇ ಹಾಕಿ ಗುಂಡಿ ಒತ್ತಿದಳು. ಹನ್ನೆರಡು ಕಡುಪಿನದು.

"ಇವತ್ತು ಗಮ್ ಅಂತದಲ್ಲವ್ವಾ," ಎಂದಳು ಅತ್ತೆ. ತಳದ ನೊರೆಯನ್ನೂ ಬೆರಳಲ್ಲಿ ಬಳಿದು ತಿಂದಳು. ಸಂಜೆಗೆ ಉಸಿರಿರಲಿಲ್ಲ.

*

"ಏನಾಯ್ತೇ? ಕೊಡಿಲ್ಲಿ, ನಾನ್ ಬಿಚ್ತೀನಿ," ಎಂದು ರಂಜಿತ ಕೈ ಚಾಚಿದಳು.

"ಅತ್ಗೆ, ನಾನೇ ಸಾಯಿಸ್ಬುಟ್ಟೆ ಅತ್ತೆನ."

ಮಾತು ಹೊರಗೆ ಬಿದ್ದ ಮೇಲೆ ತಡೆಯಲಾಗಲಿಲ್ಲ. ನೇರಳೆಯದು ಸತ್ವ ತೆಗೆದ ಕಾಫಿಯೆಂದೂ, ವರ್ಷವಿಡೀ ಸುಳ್ಳು ಹೇಳಿ ಕುಡಿಸಿದೆನೆಂದೂ, ಅದು ಮುಗಿದಿದ್ದಕ್ಕೆ ನಿನ್ನೆ ನಿಜವಾದದ್ದನ್ನು ಕೊಟ್ಟೆನೆಂದೂ ಎಲ್ಲವನ್ನೂ ಒದರಿದಳು. "ಡಾಕ್ಟ್ರು ಬ್ಯಾಡ ಅಂದಿದ್ರು. ಗೊತ್ತಿದ್ದೂ ಕೊಟ್ಟೆ. ಒಡೀರಿ ಅತ್ಗೆ, ಬೇಕಾರೆ ನಿಮ್ ತಮ್ಮಂಗೂ ಹೇಳಿ," ಎಂದು ಕಣ್ಣು ಮುಚ್ಚಿ ನಿಂತಳು. ಕೆನ್ನೆಗೆ ಬೀಳಬಹುದು, ಮನೆಯೇ ಬಿಟ್ಟು ಹೋಗಬೇಕಾಗಬಹುದು. ಹದಿನೈದು ವರ್ಷ ಬಾಳಿದ ಮನೆಯಲ್ಲಿ ಅತ್ತೆಯನ್ನು ಕೊಂದವಳು ಎನ್ನಿಸಿಕೊಂಡು ಹೇಗೆ ಇರುವುದು?

ಏಟು ಬೀಳಲಿಲ್ಲ. ಹಾಲಿನ ಪಾತ್ರೆ ಕಟ್ಟೆಯ ಮೇಲೆ ಕುಕ್ಕಿದ ಸದ್ದು ಕೇಳಿಸಿತು.

"ಯಾ ಅಲ್ಲಾ," ಎಂದಳು ಕಮರುನ್ನೀಸಾ. "ನೀನೊಬ್ಳೇ ಅಲ್ಲ ಬೇಟಿ. ದಿನಾ ಹನ್ನೊಂದ್ ಗಂಟೆಗೆ ನಮ್ ಹಿತ್ಲಲ್ಲಿ ಬೋರಕ್ಕಂಗೆ ಒಂದ್ ಲೋಟ ಆಗೇಬೇಕಿತ್ತು. ಒಳ್ಳೆ ಗಟ್ಟಿ ಕಾಫಿ. ಸುನಿತಂಗೆ ಹೇಳ್ಬ್ಯಾಡ ಅಂತ ನನ್ ಕೈಲಿ ಆಣೆ ಹಾಕಿಸ್ಕೊಂಡಿದ್ರು."

ರಂಜಿತ ಕೆರಳಿದಳು. "ಏನಮ್ಮಾ ನೀವು? ಅವ್ವಂಗೆ ಎದೆ ಕಾಯ್ಲೆ ಅಂತ ನಿಮಗ್ ಗೊತ್ತಿರ್ನಿಲ್ವಾ?"

"ಗೊತ್ತಿತ್ತಮ್ಮ. ಲೋಟ ಇಡ್ಕೊಂಡು ಬಾಗ್ಲಲ್ಲಿ ನಿಂತ್ಬುಟ್ರೆ ಇಲ್ಲ ಅನ್ನಕ್ಕೆ ಬಾಯೇ ಬರ್ತಿರ್ಲಿಲ್ಲ."

"ಅವ್ರನ್ಯಾಕ್ ಅಂತೀಯೇ ರಂಜಿತ?" ಎಂದು ಕುಳ್ಳಮ್ಮ ಬಾಯಿ ಹಾಕಿದಳು. "ಹೋದ್ ತಿಂಗ್ಳು ಕಿಕ್ಕೇರಿಲಿ ನಿನ್ ಮನೇಲಿ ಎಂಟ್ ದಿನ ಇದ್ಲಲ್ಲ ನಿಮ್ಮವ್ವ, ಏನು, ರಾಗಿ ಅಂಬ್ಲಿ ಕಾಯಿಸ್ ಕೊಟ್ಯಾ?"

ರಂಜಿತ ಸೆರಗಿನ ಅಂಚನ್ನು ಬಾಯಿಗೆ ಒತ್ತಿಕೊಂಡಳು. "ದಿನಕ್ಕೆರಡು ಸಲ," ಎಂದಳು. "ಸುನಿತಾ ಬೈತಾಳೆ, ಬಾಯಿ ಬುಡ್ಬ್ಯಾಡ ಅಂದಿದ್ಲು."

"ಉಗಾದಿಗೆ ಬಂದಾಗ ನಾನೂ ಕೊಟ್ಟಿವ್ನಿ ಕಣ್ರೇ. ನೀವು ಚಾಪೆ ಕೆಳುಗ್ ತೂರುದ್ರೆ ನಮ್ಮಕ್ಕ ರಂಗೋಲೆ ಕೆಳುಗ್ ತೂರೋಳು."

ನಿನ್ನೆಯ ಆ ಒಂದು ಲೋಟ ಕೊಂದಿತೋ, ವರ್ಷದುದ್ದಕ್ಕೂ ಕುಡಿದ ಕಳ್ಳ ಕಾಫಿ ಕೊಂದಿತೋ, ಇಲ್ಲ ಆಯಸ್ಸೇ ಅಷ್ಟಿತ್ತೋ, ಯಾರು ಹೇಳಬೇಕು? ಸುನಿತಾ ಗೋಡೆಗೆ ಒರಗಿಕೊಂಡಳು. ಎದೆಯ ಭಾರ ಸ್ವಲ್ಪ ಇಳಿಯಿತು, ಇಳಿದ ಜಾಗಕ್ಕೆ ಸಿಟ್ಟು ಬಂತು. ತಾನು ಒಂದೊಂದು ಕ್ಯಾಪ್ಸೂಲನ್ನೂ ಜೀವದಂತೆ ಕಾಯ್ದಿದ್ದರೆ ಈ ಮುದುಕಿ ಮನೆಮನೆಯಲ್ಲಿ ಲೋಟ ಹಿಡಿದಿದ್ದಳು.

"ಹಂಗಾರೆ ನೇರಳೆದ್ರಲ್ಲಿ ಏನೂ ಇಲ್ಲ ಅಂತ ಅವ್ರಿಗೆ ಗೊತ್ತಿತ್ತಾ ಕಮರಕ್ಕ?"

"ಮೊದಲ್ನೇ ಗುಟುಕಿಗೇ ಗೊತ್ತಾಯ್ತಂತೆ. ನಾನೂ ಕೇಳ್ದೆ, ರುಚಿ ಇಲ್ದಿದ್ದನ್ನ ಯಾಕ್ ಕುಡೀತೀರಿ ಬೋರಕ್ಕ, ಬ್ಯಾಡ ಅನ್ನಿ ಅಂತ." ಕಮರುನ್ನೀಸಾ ಮೂಗು ಒರೆಸಿಕೊಂಡಳು. "'ಅಯ್ಯೋ, ಅಂಗಂದ್ರೆ ತರದ್ನೇ ಬುಟ್ಬುಡ್ತಾಳೆ ಕಣಮ್ಮ' ಅಂದ್ರು. 'ಮದ್ವೆ ಆಗಿ ಬಂದಾಗ್ಲಿಂದ ನಾನು ಎದ್ದು ಎಲ್ರಿಗೂ ಕಾಸಿ ಕೊಟ್ಟಿವ್ನಿ. ನಂಗೆ ಅಂತ ಒಬ್ರು ಬೆಳಿಗ್ಗೆ ಲೋಟ ಇಡ್ಕೊಂಡು ಮಂಚುದ್ ತಾವ್ಕೆ ಬಂದದ್ದು ಇವ್ಳೊಬ್ಳೇ. ಅದು ಕಾಫಿ ಆದ್ರೇನು, ಕಲ್ಗಚ್ಚಾದ್ರೇನು' ಅಂದ್ರು."

ಹೊರಗೆ ಗಂಡಸರು ಚಟ್ಟಕ್ಕೆ ಬಿದಿರು ಸೀಳುತ್ತಿದ್ದರು.

"ಈಗಾರ ಒಳ್ಳೇದ್ನೇ ಬುಡಣ ಸುನಿತಾ," ಎಂದಳು ರಂಜಿತ. "ಇನ್ಯಾವ್ ಡಾಕ್ಟ್ರು ಕೇಳ್ತಾನೆ? ಕರೀದ್ ಹಾಕು."

ಸುನಿತಾ ಕರಿ ಡಬ್ಬಿಯನ್ನು ನೋಡಿದಳು. ಆಮೇಲೆ ಅದನ್ನು ಪಕ್ಕಕ್ಕೆ ಸರಿಸಿ ಪಾರ್ಸಲ್ಲು ಕೊಯ್ದಳು. ನೇರಳೆ ಬಣ್ಣದ್ದೊಂದನ್ನು ತೆಗೆದು ಮಿಷಿನ್ನಿನೊಳಗೆ ಇಟ್ಟು ಮುಚ್ಚಳ ಒತ್ತಿದಳು. ದಿನದ ಹಾಗೇ ಹಾಲು ಬೆರೆಸಿ, ಎರಡು ಚಮಚ ಸಕ್ಕರೆ ಹಾಕಿ, ಬೆಚ್ಚಗಿದೆಯಾ ಎಂದು ಲೋಟವನ್ನು ಕೆನ್ನೆಗೆ ತಾಗಿಸಿ ನೋಡಿದಳು.

ಹೊರಗೆ ಹೆಣಕ್ಕೆ ಸ್ನಾನವಾಗಿ, ಹಾಲು ಬಣ್ಣದ ತವರಿನ ಸೀರೆ ಉಡಿಸಿಯಾಗಿತ್ತು. ಗಂಜಿ ಬಿಡದ ಹೊಸ ಸೀರೆ ಎದೆಯ ಮೇಲೆ ಬಿರುಸಾಗಿ ನಿಂತಿತ್ತು. ರವೀಂದ್ರ ಹಾಲು ಬಿಟ್ಟ, ರಂಜಿತ ನೀರು ಬಿಟ್ಟಳು. ಸುನಿತಾ ತಲೆಯ ಬಳಿ ಮಂಡಿಯೂರಿ, ಬೆಳಿಗ್ಗೆ ಎಬ್ಬಿಸುವಂತೆ ಅತ್ತೆಯ ಹಣೆಯ ಕೂದಲು ಸರಿಸಿದಳು.

"ಕಳ್ಳೀ," ಎಂದಳು. ಹದಿನೈದು ವರ್ಷದಲ್ಲಿ ಅತ್ತೆಗೆ ಒಮ್ಮೆಯೂ ಏಕವಚನ ಆಡಿದವಳಲ್ಲ. "ಕಳ್ಳಿ ನನ್ನತ್ತೆ! ಊರೋರ್ ಮನೇಲೆಲ್ಲ ಕುಡ್ದು ನನ್ ಮುಂದೆ ಚೆನ್ನಾಗದೆ ಅಂದ್ಯಲ್ಲೇ! ಬೇಡ ಅಂತ ಒಂದ್ ಮಾತು ಬೈಬಾರ್ದಾಗಿತ್ತಾ? ನಾಳೆ ಬೆಳಿಗ್ಗೆ ಎದ್ದು ಯಾರಿಗ್ ತಂದ್ಕೊಡ್ಲಿ? ಯಾರ್ ಮುಸುಕು ಸರಿಸ್ಲಿ ಹೇಳೇ?"

ಅಷ್ಟು ಹೊತ್ತು ಬಾರದ ಅಳು ಒಡೆದುಕೊಂಡು ಬಂತು. ಗೊಣಗಿದ್ದ ಹಿಂದಿನ ಸಾಲಿನವರೂ ಸೆರಗಿಗೆ ಮುಖ ಒತ್ತಿಕೊಂಡರು. ನರಸಯ್ಯನವರು, "ಹೊತ್ತಾಯ್ತು ಕಣವ್ವ, ಬುಡು," ಎಂದಾಗ ಸುನಿತಾ ಚಮಚದಲ್ಲಿ ಕಾಫಿ ಎತ್ತಿ ಅತ್ತೆಯ ತುಟಿಗೆ ಇಟ್ಟಳು.

ಕಾಫಿ ಒಳಗೆ ಹೋಗಲಿಲ್ಲ. ಬಾಯಿಯ ಅಂಚಿನಿಂದ ಗದ್ದಕ್ಕೆ ಇಳಿದು, ಕತ್ತಿನ ಮೇಲೆ ಹರಿದು, ಹೊಸ ಸೀರೆಯ ಎದೆಯ ಮೇಲೆ ಅಗಲವಾಗಿ ಹರಡಿಕೊಂಡಿತು.

"ಅಯ್ಯೋ, ತವರಿನ ಸೀರೆ!" ಎಂದು ರಂಜಿತ ಒದ್ದೆ ಬಟ್ಟೆ ಹಿಡಿದು ಬಗ್ಗಿದಳು. ಸುನಿತಾ ಅವಳ ಮಣಿಕಟ್ಟು ಹಿಡಿದುಕೊಂಡಳು.

"ಇರ್ಲಿ ಬುಡಿ ಅತ್ಗೆ."

ನಾಲೆಯ ಪಕ್ಕದ ಹೊಲದಲ್ಲಿ, ಗಂಡನ ಗುಂಡಿಯ ಮಗ್ಗುಲಿಗೇ ಚಿಕ್ಕಬೋರಮ್ಮನನ್ನು ಇಳಿಸಿದರು. ರವೀಂದ್ರ ಮೊದಲ ಹಿಡಿ ಮಣ್ಣು ಹಾಕುವಾಗ ಸುನಿತಾ ಬಗ್ಗಿ ನೋಡಿದಳು. ಎದೆಯ ಮೇಲಿನ ಕಾಫಿ ಕಲೆ ಇನ್ನೂ ಹಸಿಯಾಗಿತ್ತು, ಬಿದ್ದ ಮಣ್ಣು ಅಲ್ಲಿಗೇ ಅಂಟಿಕೊಂಡಿತು.