ಫೋಲ್ಮರ್ ಗೋಡೆ

ಜರ್ಮನಿಯ ಬಿಗ್ಗೆ ಜಲಾಶಯದ ದಂಡೆಯ ಮೇಲಿರುವ ಕೆಫೆಯ ಅಂಗಳಕ್ಕೆ ಭಾನುವಾರ ಬೆಳಿಗ್ಗೆ ಎಕ್‌ಹಾರ್ಟ್ ಫೋಲ್ಮರ್ ಕಾಲಿಟ್ಟನೆಂದರೆ, ಅಲ್ಲಿ ಸಾಲಾಗಿ ನಿಂತ ಬೈಕುಗಳಿಗೆಲ್ಲ ಇದ್ದಕ್ಕಿದ್ದಂತೆ ಚಳಿ ಹತ್ತುತ್ತಿತ್ತು. ಛಾವಣಿ ಕೆಲಸದ ದಪ್ಪ ಉವೆ ತನ್ನ ಜಾಕೆಟ್ಟು ಬಿಚ್ಚಿ, ನಿಯಮ ಮೀರಿ ಗುಡುಗುವ ಸೈಲೆನ್ಸರಿಗೆ ಹೊದಿಸುತ್ತಿದ್ದ. ಇನ್ನೊಬ್ಬ ನಂಬರ್ ಪ್ಲೇಟಿಗೆ ಅಡ್ಡ ನಿಂತು ಆಕಾಶ ನೋಡುತ್ತಿದ್ದ. ಫೋಲ್ಮರ್ ನಿವೃತ್ತನಾಗಿ ಎರಡು ವರ್ಷವಾಗಿತ್ತು. ಯಾರ ಗಾಡಿಯನ್ನೂ ಫೇಲು ಮಾಡುವ ಅಧಿಕಾರ ಅವನಿಗೆ ಉಳಿದಿರಲಿಲ್ಲ. ಆದರೆ ಮೂವತ್ತನಾಲ್ಕು ವರ್ಷ ವಾಹನ ತಪಾಸಣಾ ಕೇಂದ್ರದಲ್ಲಿ ಬೂದು ಕೋಟು ತೊಟ್ಟು, ಟಾರ್ಚು ಹಿಡಿದು, ಹತ್ತೂರಿನ ಬೈಕುಗಳ ಹೊಟ್ಟೆ ಬೆನ್ನು ನೋಡಿದವನ ಕಣ್ಣಿಗೂ ನಿವೃತ್ತಿಯಾಗುತ್ತದೆಂದು ಯಾರು ನಂಬುತ್ತಾರೆ?

ಕೆಫೆಯೊಳಗೆ ಕಿಟಕಿಯ ಉದ್ದಕ್ಕೂ ಒಂದೇ ಒಂದು ಉದ್ದನೆಯ ಮೇಜು. ಬೈಕಿನವರೆಲ್ಲ ಕೂರುವುದು ಅಲ್ಲೇ. ಡಾಕ್ಟರಾಗಲಿ ಗಾರೆಯವನಾಗಲಿ, ಆ ಬೆಂಚಿನ ಮೇಲೆ ಕುಂಡಿ ಊರಿದ ಮೇಲೆ ಎಲ್ಲರೂ ಎಲ್ಲರ ಬೆನ್ನಿಗೆ ಗುದ್ದುವವರೇ, ಏಕವಚನದಲ್ಲಿ ಬೈಯುವವರೇ. ಫೋಲ್ಮರ್ ಬಂದರೆ ಮಾತ್ರ ‘ನಮಸ್ಕಾರ ಫೋಲ್ಮರ್ ಅವರೇ’ ಎಂದು ಒಂದಿಷ್ಟು ಮರ್ಯಾದೆ ಬಿಸಾಕಿ, ಮೊಣಕೈ ಅಗಲಿಸಿಕೊಂಡು ಕೂತುಬಿಡುತ್ತಿದ್ದರು. ಅವನು ಮೂಲೆಯ ಒಂಟಿ ಮೇಜಿಗೆ ಹೋಗಿ ಕಾಫಿ ಕುಡಿಯುತ್ತಿದ್ದ. ಆ ಮೂಲೆಯ ಗೋಡೆಗೆ ಫೋಲ್ಮರ್ ಗೋಡೆ ಎಂದೇ ಹೆಸರು. ಅವನು ಫೇಲು ಮಾಡಿದ ಗಾಡಿಗಳ ತಿರಸ್ಕಾರದ ಚೀಟಿಗಳನ್ನು ಗಾಡಿಯ ಮಾಲೀಕರು ತಂದು ಅಲ್ಲಿ ಅಂಟಿಸಿದ್ದರು, ಪ್ರತಿಯೊಂದರ ಕೆಳಗೂ ಅವನ ಮುತ್ತಿನಂಥ ಸಹಿ. ಮೊದಲ ಸಲ ಅದನ್ನು ಕಂಡಾಗ ಪುಣ್ಯಾತ್ಮ ಏನು ಮಾಡಿದ ಗೊತ್ತೆ? ವಾರೆಯಾಗಿದ್ದ ಒಂದು ಚೀಟಿಯನ್ನು ನೇರ ಮಾಡಿದ. ಇಡೀ ಮೇಜು ಬಾಯಿ ಬಿಟ್ಟುಕೊಂಡು ನೋಡುತ್ತಿತ್ತು.

ಹಾಗಂತ ಕೆಟ್ಟ ಮನುಷ್ಯನಲ್ಲ. ಯಾರಿಂದಲೂ ಒಂದು ಚಾಕಲೇಟು ಮುಟ್ಟಿದವನಲ್ಲ, ಯಾರ ಮೇಲೂ ಹಗೆ ಸಾಧಿಸಿದವನಲ್ಲ. ಅಳತೆಪಟ್ಟಿ ನುಂಗಿ ಹುಟ್ಟಿದವನು, ಅಷ್ಟೆ. ಬೈಕುಗಳ ಮೇಲೆ ಅವನಿಗಿದ್ದ ಪ್ರೀತಿ ಆ ಮೇಜಿನಲ್ಲಿ ಕೂತ ಎಲ್ಲರ ಪ್ರೀತಿ ಸೇರಿಸಿದರೂ ಅದಕ್ಕಿಂತ ಕಡಿಮೆಯೇನಿರಲಿಲ್ಲ. ಅವನಿಗೆ ಬೇಕಿದ್ದದ್ದು ಆ ಬೆಂಚಿನಲ್ಲಿ ಒಂದು ಗೇಣು ಜಾಗ.

‘ಭಾನುವಾರ ಬಂತು ಅಂದ್ರೆ ಮದುವೆಗೆ ಹೊರಟಂಗೆ ಹೊರಡ್ತೀಯ, ಸಾವಿನ ಮನೆಯಿಂದ ಬಂದಂಗೆ ಬರ್ತೀಯ,’ ಎಂದಳು ಹೆಂಡತಿ ಮಾರ್ಲೀಸ್ ಒಂದು ದಿನ. ‘ನಿನ್ನ ಗಾಡಿ ಮುಖಾನಾದ್ರೂ ನೋಡಿದೀಯಾ? ಹಿಂದೆ ಎರಡು ಪೆಟ್ಟಿಗೆ, ಮುಂದೆ ಗಾಜಿನ ಕೋಟೆ. ಅಂಚೆ ಕಚೇರಿ ಎದ್ದು ಬಂದಂಗಿರತ್ತೆ.’

‘ಅದರಲ್ಲೇ ಕಣೇ ನಿನ್ನ ನಾರ್ವೆಗೆ ಕರ್ಕೊಂಡು ಹೋಗಿದ್ದು.’

‘ನನ್ನ ಸೊಂಟ ಇನ್ನೂ ನಾರ್ವೆಯಿಂದ ವಾಪಸ್ ಬಂದಿಲ್ಲ. ನನ್ನ ಸೀಟು ಕತ್ತರಿಸಿ ಬಿಸಾಕು. ಬೇಕಿದ್ರೆ ಗರಗಸ ನಾನೇ ಹಿಡ್ಕೊಡ್ತೀನಿ.’

ಅವಳು ತಮಾಷೆಗೆ ಹೇಳಿದ್ದು. ಅವನ ತಲೆಗೆ ಅದು ಹುಳ ಬಿಟ್ಟಿತು. ಗಾಡಿ ಎಂಬತ್ತೈದನೇ ಇಸವಿಯ ಬಿಎಂಡಬ್ಲ್ಯು ಕೆ ನೂರು. ಚೌಕನೆಯ ಇಂಜಿನ್ನು ಇಟ್ಟಿಗೆಯಂತೆ ಅಡ್ಡ ಮಲಗಿರುವುದರಿಂದ ಎಲ್ಲರೂ ಅದನ್ನು ಇಟ್ಟಿಗೆ ಎನ್ನುತ್ತಾರೆ. ದೂರದ ಊರುಗಳಿಗೆ ವೇಗವಾಗಿ, ಸುಖವಾಗಿ ಹೋಗಲೆಂದು ಮಾಡಿದ್ದು. ಆ ಕೋಟೆ, ಪೆಟ್ಟಿಗೆ, ಸೋಫಾದಂಥ ಸೀಟು ಎಲ್ಲ ಕಿತ್ತು, ಹ್ಯಾಂಡಲು ತಗ್ಗಿಸಿ, ಒಬ್ಬನೇ ಕೂರುವ ಗಿಡ್ಡ ಸೀಟು ಹಾಕಿದರೆ ಅದು ಕೆಫೆ ರೇಸರ್. ಒಂದು ಕೆಫೆಯಿಂದ ಇನ್ನೊಂದು ಕೆಫೆಗೆ ಮೈ ಬಗ್ಗಿಸಿ ಹಾರುವುದಕ್ಕೆ ಬೇಕಾದ್ದಷ್ಟೇ, ಒಂದು ಮೊಳೆಯೂ ಹೆಚ್ಚಿಲ್ಲ. ಅಂಥ ಗಾಡಿ ಕಟ್ಟಿ, ಒಂದೇ ಏಟಿಗೆ ತಪಾಸಣೆ ಪಾಸು ಮಾಡಿಸಿ, ಏಪ್ರಿಲ್‌ನಲ್ಲಿ ವರ್ಷದ ಮೊದಲ ಸವಾರಿಯ ಭಾನುವಾರ ಅದರ ಮೇಲೆ ಕೆಫೆಗೆ ಇಳಿದರೆ? ಆಗಲಾದರೂ ಬೆಂಚಿನಲ್ಲಿ ಜರುಗಿ ಜಾಗ ಕೊಡದೆ ಇರುತ್ತಾರೆಯೇ?

ಚೌಕಟ್ಟು ಕತ್ತರಿಸಿ ಬೆಸೆಯುವ ಅರ್ಹತೆಯಿದ್ದ ಕಾರ್ಖಾನೆ ಆ ಸುತ್ತಿನಲ್ಲಿ ಒಂದೇ: ಹೈಕೆ ರಾಡೆಮಾಕರ್‌ಳದು. ಅಲ್ಲಿಗೆ ಹೋಗುವ ಮುನ್ನ ಫೋಲ್ಮರ್ ಮೂರು ಸಲ ಬೀದಿಯ ತುದಿಯಿಂದ ವಾಪಸಾದ. ಅದಕ್ಕೆ ಕಾರಣ ಕೆಫೆಯ ಗೋಡೆಯ ಮೇಲಿತ್ತು, ಎಲ್ಲಕ್ಕಿಂತ ಮೇಲಿನ ಸಾಲಿನ ಮೊದಲ ಚೀಟಿ. ಇಪ್ಪತ್ತೈದು ವರ್ಷದ ಹಿಂದೆ, ಅವಳಿಗೆ ಇಪ್ಪತ್ತೆರಡಾಗಿದ್ದಾಗ, ತಾನೇ ಕಟ್ಟಿದ ಮೊದಲ ಬೈಕನ್ನು ತಪಾಸಣೆಗೆ ತಂದಿದ್ದಳು. ಎಲ್ಲ ಸರಿಯಿತ್ತು. ಹಿಂಭಾಗದಲ್ಲಿ, ಬೆಳಕು ಬಿದ್ದರೆ ಹೊಳೆಯಬೇಕಾದ ಕೆಂಪು ಬಿಲ್ಲೆ, ಎಲ್ಲರ ಬಾಯಲ್ಲಿ ಬೆಕ್ಕಿನ ಕಣ್ಣು, ಅದೊಂದಿರಲಿಲ್ಲ. ‘ಎದುರಿನ ಪೆಟ್ರೋಲ್ ಬಂಕಲ್ಲಿ ಸಿಗತ್ತೆ, ಐದೇ ನಿಮಿಷ’ ಎಂದು ಅಂಗಲಾಚಿದ್ದಳು. ಅವನು ಚೀಟಿ ಬರೆದು, ಮುಂದಿನ ನಂಬರು ಕರೆದಿದ್ದ. ಆ ವರ್ಷದ ಮೊದಲ ಸವಾರಿ ಅವಳಿಗೆ ತಪ್ಪಿತು.

ಈಗ ನಲವತ್ತೇಳರ ಹೈಕೆ ಕೈ ಒರೆಸಿಕೊಳ್ಳುತ್ತ ಅವನ ಮಾತನ್ನು ಪೂರಾ ಕೇಳಿಸಿಕೊಂಡಳು. ಆಮೇಲೆ ಸ್ಟೂಲಿನ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

‘ನೀವು? ಕೆಫೆ ರೇಸರ್ರಾ? ಇನ್ನೊಂದ್ಸಲ ಹೇಳಿ, ಫೋನಲ್ಲಿ ಹಿಡ್ಕೋತೀನಿ.’

‘ನಕ್ಕು ಮುಗಿಸಿ. ನಾನು ಕಾಯ್ತೀನಿ.’

‘ಮಾಡ್ಕೊಡ್ತೀನಿ. ಎರಡು ಷರತ್ತು. ಬೆಸುಗೆ ನಂದು, ಮಿಕ್ಕಿದ್ದೆಲ್ಲ ನಿಮ್ಮ ಕೈಯಲ್ಲೇ ಆಗ್ಬೇಕು. ಇನ್ನೊಂದು, “ಇದಕ್ಕೆ ಅನುಮತಿ ಇದೆಯಾ” ಅಂತ ನನ್ನ ಕಾರ್ಖಾನೇಲಿ ಕೇಳಂಗಿಲ್ಲ. ಕೇಳಿದ್ರೆ, ಕೇಳಿದ್ದಕ್ಕೊಂದು ಪ್ಲಮ್ ಕೇಕು. ನಿಮ್ಮ ಹೆಂಡ್ತಿ ಮಾಡೋದು, ಬೇಕರೀದಲ್ಲ.’

ಆ ಚಳಿಗಾಲದಲ್ಲಿ ಹೈಕೆ ನಾಲ್ಕು ಕಿಲೋ ದಪ್ಪಗಾದಳು.

ಫೋಲ್ಮರ್ ಕೆಲಸ ಮಾಡುವ ರೀತಿ ನೋಡಿ ಅವಳ ಪಿತ್ತ ನೆತ್ತಿಗೇರುತ್ತಿತ್ತು. ಒಂದೊಂದು ಸ್ಕ್ರೂ ಬಿಚ್ಚಿದಾಗಲೂ ಒರೆಸಿ, ಡಬ್ಬಿಗೆ ಹಾಕಿ, ಚೀಟಿ ಅಂಟಿಸಿ ಮನೆಯ ಗ್ಯಾರೇಜಿಗೆ ಸಾಗಿಸುತ್ತಿದ್ದ. ಗಾಜಿನ ಕೋಟೆ ಕಳಚಿದ ದಿನ ಅದರ ಹಿಂದಿನಿಂದ ಇಷ್ಟುದ್ದ ವೈರುಗಳ ಕಂತೆ ಹೊರಬಿತ್ತು. ಹೈಕೆ ಕತ್ತರಿಸಿ ಬಿಸಾಕೋಣವೆಂದಳು. ಅವನು ಎರಡು ವಾರ ಕೂತು ಪ್ರತಿಯೊಂದು ವೈರಿನ ಬಣ್ಣ, ಹಾದಿ ಎಲ್ಲ ಕಾಗದದ ಮೇಲೆ ಬಿಡಿಸಿ, ಬೇಡದ್ದನ್ನು ತೆಗೆದು, ಬೇಕಾದ್ದನ್ನು ಟ್ಯಾಂಕಿನಡಿ ಕಾಣದಂತೆ ಮಡಚಿಟ್ಟ. ಅದನ್ನು ಕಂಡಾಗ ಹೈಕೆ ಕತ್ತರಿಯನ್ನು ಪೆಟ್ಟಿಗೆಗೆ ವಾಪಸ್ ಹಾಕಿದಳು. ಅದೇ ಅವಳು ಕೊಡುವ ಬಹುಮಾನವೆಂದು ಅವನಿಗೆ ಅಷ್ಟರಲ್ಲಿ ಗೊತ್ತಾಗಿತ್ತು.

ಗಾಡಿಯ ಬಾಲ, ಅಂದರೆ ಚೌಕಟ್ಟಿನ ಹಿಂಭಾಗ, ಕತ್ತರಿಸುವ ದಿನ ಮಾತ್ರ ಅವನಿಗೆ ಅಳತೆಯೇ ಮುಗಿಯಲಿಲ್ಲ. ಕೊಯ್ಯುವ ಯಂತ್ರ ಹಿಡಿದು, ಗೆರೆ ಎಳೆದು, ಅಳೆದು, ಮತ್ತೆ ಅಳೆದು, ಮತ್ತೊಮ್ಮೆ ಅಳೆದ.

‘ಅದೇನು ಬೆಳೆಯಲ್ಲ ಕಣ್ರೀ, ಎಷ್ಟು ಸಲ ಅಳೆದ್ರೂ ಅಷ್ಟೇ ಇರತ್ತೆ!’

‘ಮೂವತ್ತನಾಲ್ಕು ವರ್ಷ ಇಂಥದ್ದನ್ನ ಮಾಡಿದವ್ರನ್ನ ಬೈದಿದೀನಿ ಹೈಕೆ ಅವ್ರೇ.’

‘ಅದಕ್ಕೇ ಖುಷಿಯಾಗಿ ಕತ್ತರಿಸಿ.’

ಕಿಡಿ ಹಾರಿತು. ಮಾರ್ಲೀಸ್ ನಾರ್ವೆವರೆಗೂ ಕೂತು ಹೋದ ಸೀಟಿನಡಿಯ ಚೌಕಟ್ಟು, ಹಿಂದಿನ ಪ್ಲಾಸ್ಟಿಕ್ಕಿನ ಬಾಲದ ಸಮೇತ ನೆಲಕ್ಕೆ ಬಿತ್ತು. ಫೋಲ್ಮರ್ ಕನ್ನಡಕ ತೆಗೆದು ನಿಂತ. ಬೇಸರವಾಗುತ್ತದೆಂದುಕೊಂಡಿದ್ದ, ಆದದ್ದು ಶಾಲೆ ತಪ್ಪಿಸಿಕೊಂಡ ದಿನದ ಸಂತೋಷ. ಬಿದ್ದ ಬಾಲವನ್ನು ಎತ್ತಿ ಒರೆಸಿ, ಡಬ್ಬಿಗೆ ಹಾಕಿ, ‘ಹಿಂಭಾಗ, ಕತ್ತರಿಸಿದ್ದು’ ಎಂದು ಚೀಟಿ ಅಂಟಿಸಿದ. ಅಷ್ಟು ಬೇಗ ಸುಧಾರಿಸುವ ಪ್ರಾಣಿಯಲ್ಲ ಅದು.

ಮಾರ್ಚ್ ಮುಗಿಯುವಷ್ಟರಲ್ಲಿ ಗಾಡಿ ಸಿದ್ಧವಾಗಿ ನಿಂತಿತು. ಕಡು ಹಸಿರು ಟ್ಯಾಂಕು, ದುಂಡನೆಯ ದೀಪ, ಬೆನ್ನು ನೇರವಾಗಿ ಬಂದು ಸೀಟಿನ ತುದಿಯಲ್ಲಿ ಪಟಕ್ಕನೆ ಮುಗಿಯುವ ಮೈಕಟ್ಟು. ನೋಡಲು ಬಂದ ಮಾರ್ಲೀಸ್ ಸುತ್ತು ಹಾಕಿ, ‘ಇಷ್ಟು ವರ್ಷ ಇದನ್ನ ಒಳಗೇ ಬಚ್ಚಿಟ್ಟಿದ್ಯಾ?’ ಎಂದಳು. ಫೋಲ್ಮರ್ ಕಿವಿಯವರೆಗೂ ಕೆಂಪಾದ. ಅರವತ್ತಮೂರು ಅಂಶಗಳ ತಪಾಸಣೆಯ ಪಟ್ಟಿ ತಾನೇ ಬರೆದು, ಒಂದೊಂದಕ್ಕೂ ಗುರುತು ಹಾಕಿದ್ದ.

ಮೊದಲ ಸವಾರಿಗೆ ಎರಡು ದಿನ ಮುಂಚೆ, ಶುಕ್ರವಾರ ಮಧ್ಯಾಹ್ನ, ತಪಾಸಣೆ. ಬೂದು ಕೋಟಿನಲ್ಲಿ ನಿಂತಿದ್ದವನು ಲೆನಾರ್ಟ್, ಫೋಲ್ಮರನ ಕೈಕೆಳಗೇ ಕೆಲಸ ಕಲಿತ ಹುಡುಗ. ಗುರುವಿನ ಗಾಡಿ ಪರೀಕ್ಷಿಸುವ ಯೋಗ ತನಗೇ ಬಂತಲ್ಲಾ ಎಂದು ಬೆವರುತ್ತಿದ್ದ. ಬ್ರೇಕು ಒತ್ತಿದ, ಸದ್ದು ಅಳೆದ, ಹೈಕೆಯ ಬೆಸುಗೆಯನ್ನು ಸುತ್ತಿಗೆಯಿಂದ ತಟ್ಟಿ ನೋಡಿದ. ಬಾಗಿಲಿಗೆ ಒರಗಿದ್ದ ಹೈಕೆ ಜೇಬಿನಲ್ಲಿ ಕೈ ಇಟ್ಟುಕೊಂಡು ಚೂಯಿಂಗ್ ಗಮ್ ಅಗಿಯುತ್ತಿದ್ದಳು.

‘ಅದ್ಭುತವಾಗಿದೆ ಸಾರ್,’ ಎಂದು ಲೆನಾರ್ಟ್ ಪೆನ್ನು ತೆಗೆದ. ‘ಸಹಿ ಹಾಕಿಬಿಡ್ತೀನಿ.’

ಫೋಲ್ಮರನಿಗೆ ಎದೆ ಉಬ್ಬಿತು. ಸುಮ್ಮನೆ ನಿಲ್ಲಬಹುದಿತ್ತು. ಆದರೆ ಕಾಲುಗಳಿಗೆ ಮೂವತ್ತನಾಲ್ಕು ವರ್ಷದ ಅಭ್ಯಾಸ. ಅವು ತಾವಾಗಿಯೇ ಮೂರು ಹೆಜ್ಜೆ ಹಿಂದಕ್ಕೆ ನಡೆದು ಗಾಡಿಯ ಹಿಂಭಾಗಕ್ಕೆ ಬಂದವು, ಮಂಡಿ ಬಗ್ಗಿತು, ಕೈ ಟಾರ್ಚು ಹಚ್ಚಿತು. ಬೆಳಕು ಹಿಂಬದಿಯ ದೀಪದ ಮೇಲೆ ಬಿತ್ತು, ನಂಬರ್ ಪ್ಲೇಟಿನ ಮೇಲೆ ಬಿತ್ತು. ಎಲ್ಲಿಂದಲೂ ಏನೂ ಕೆಂಪಗೆ ಹೊಳೆಯಲಿಲ್ಲ.

ಅವನು ಜೇಬಿನಿಂದ ಪಟ್ಟಿ ತೆಗೆದ. ಪಟ್ಟಿಯ ನಲವತ್ತೊಂದನೇ ಅಂಶ: ಬೆಕ್ಕಿನ ಕಣ್ಣು. ‘ಸ್ವಚ್ಛವಾಗಿದೆ, ಒಡೆದಿಲ್ಲ’ ಎಂದು ತಾನೇ ಗುರುತು ಹಾಕಿದ್ದ. ನಿಜವೇ, ಸ್ವಚ್ಛವಾಗಿಯೇ ಇತ್ತು. ಮನೆಯ ಗ್ಯಾರೇಜಿನ ಡಬ್ಬಿಯಲ್ಲಿ, ಕತ್ತರಿಸಿದ ಬಾಲಕ್ಕೆ ಅಂಟಿಕೊಂಡು, ಒರೆಸಿಸಿಕೊಂಡು ಕೂತಿತ್ತು. ಬಾಲ ಒರೆಸಿದ ದಿನವೇ ಆ ಗುರುತು ಹಾಕಿಬಿಟ್ಟಿದ್ದ.

ಲೆನಾರ್ಟ್ ನೋಡಿರಲಿಲ್ಲ. ಪೆನ್ನು ಕಾಗದದ ಮೇಲಿತ್ತು. ಮನೆಗೆ ಹೋಗಿ ಒಂದು ಬಿಲ್ಲೆ ಅಂಟಿಸಿದರೆ ಮುಗಿಯಿತು, ಭಾನುವಾರ ಹಸಿರು ಗಾಡಿಯ ಮೇಲೆ ಕೆಫೆಗೆ ಇಳಿಯಬಹುದು. ಫೋಲ್ಮರ್ ತಲೆ ಎತ್ತಿದ. ಹೈಕೆ ಅಗಿಯುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು.

‘ಪೆನ್ನು ನಿಲ್ಲಿಸು ಲೆನಾರ್ಟ್. ಗಾಡಿ ಹಿಂದೆ ಬಂದು ನೋಡು.’

ಲೆನಾರ್ಟ್ ಬಂದು ನೋಡಿದ. ಅವನ ಮುಖ ಬಿಳುಚಿತು. ‘ಅಯ್ಯೋ ಸಾರ್… ಒಂದು ಕೆಲಸ ಮಾಡ್ತೀನಿ, ನಾನು ಹೋಗಿ ಕಾಫಿ ಕುಡ್ಕೊಂಡು ಬರ್ತೀನಿ. ಎದುರಿನ ಬಂಕಲ್ಲಿ ಸಿಗತ್ತೆ. ಐದೇ ನಿಮಿಷ.’

‘ಬಂಕಿಗೆ ಯಾಕೆ ಹೋಗ್ಬೇಕು?’ ಹೈಕೆ ಜೇಬಿನಿಂದ ಕೈ ತೆಗೆದಳು. ಅಂಗೈಯಲ್ಲಿ ಹೊಚ್ಚ ಹೊಸ ಕೆಂಪು ಬಿಲ್ಲೆ.

‘ನಿಮಗೆ ಗೊತ್ತಿತ್ತಾ?’ ಎಂದ ಫೋಲ್ಮರ್.

‘ಮೂರು ವಾರದಿಂದ. ಹೇಳ್ತೀರೋ ನುಂಗ್ಕೋತೀರೋ ನೋಡೋಣ ಅಂತ ಕಾಯ್ತಿದ್ದೆ. ನುಂಗಿದ್ರೆ ಭಾನುವಾರ ಎಲ್ಲರ ಮುಂದೆ ಇದನ್ನ ಮೇಜಿನ ಮೇಲೆ ಇಡೋಳಿದ್ದೆ.’ ಅವಳು ಬಿಲ್ಲೆ ಚಾಚಿದಳು. ‘ನುಂಗಲಿಲ್ಲವಲ್ಲ, ಹಿಡೀರಿ. ಅಂಟಿಸಿ, ಮನೆಗೆ ಹೋಗೋಣ.’

ಫೋಲ್ಮರ್ ಕೈ ಚಾಚಿದವನು ಹಾಗೇ ಹಿಂದಕ್ಕೆ ತೆಗೆದ.

‘ಅವತ್ತು ನೀವೂ ಐದು ನಿಮಿಷ ಕೇಳಿದ್ರಿ.’

‘ಕೇಳಿದ್ದೆ.’

‘ನಿಯಮ ಸರಿಯಾಗೇ ಇತ್ತು ಹೈಕೆ ಅವ್ರೇ. ಐದು ನಿಮಿಷ ಕೊಡದೆ ಇದ್ದದ್ದು ತಪ್ಪು. ಅದು ನನ್ನ ತಪ್ಪು.’ ಅವನು ಟಾರ್ಚು ಆರಿಸಿದ. ‘ನಿಮಗೆ ಸಿಗದೆ ಇದ್ದದ್ದನ್ನ ನಾನು ತಗೊಳ್ಳೋದು ಹೇಗೆ? ಲೆನಾರ್ಟ್, ಬರಿ. ತಿರಸ್ಕಾರ.’

‘ಸಾರ್, ಮತ್ತೆ ತಪಾಸಣೆ ಅಂದ್ರೆ ಸೋಮವಾರವೇ. ಭಾನುವಾರ ಸವಾರಿ…’

‘ಬರಿ ಅಂದೆ. ಕಾರಣದ ಕೆಳಗೆ ಗೆರೆ ಎಳಿ. ಸ್ಕೇಲ್ ಇಟ್ಟು.’

ಭಾನುವಾರ ಬೆಳಿಗ್ಗೆ ಫೋಲ್ಮರ್ ಹಾಸಿಗೆಯಿಂದ ಏಳಲಿಲ್ಲ. ಹೊರಗೆ ಬೈಕುಗಳು ಸಾಲುಸಾಲಾಗಿ ಜಲಾಶಯದ ಕಡೆ ಹೋಗುವ ಸದ್ದು ಕೇಳುತ್ತ, ಹೊದಿಕೆ ಎಳೆದುಕೊಂಡಿದ್ದ. ಮಾರ್ಲೀಸ್ ಹೊದಿಕೆ ಕಿತ್ತೆಸೆದಳು. ಬಾಗಿಲಲ್ಲಿ ಹೈಕೆ ಕಾರ್ಖಾನೆಯ ಹಳೇ ಸೈಡ್‌ಕಾರ್ ಗಾಡಿ ನಿಲ್ಲಿಸಿಕೊಂಡು ಹಾರ್ನು ಬಡಿಯುತ್ತಿದ್ದಳು. ಪಕ್ಕದ ತೊಟ್ಟಿಯಲ್ಲಿ ಮಂಡಿ ಗದ್ದಕ್ಕೆ ತಾಗುವಂತೆ ಮುದುರಿ ಕೂತ ಫೋಲ್ಮರ್ ಗಾಡಿಯ ಮೇಲೊಮ್ಮೆ ಕಣ್ಣಾಡಿಸಿದ.

‘ಇದಕ್ಕೆ ಅನು…’

‘ಪ್ಲಮ್ ಕೇಕು!’ ಎಂದು ಹೈಕೆ ಕ್ಲಚ್ಚು ಬಿಟ್ಟಳು.

ಕೆಫೆಯ ಅಂಗಳದಲ್ಲಿ ಎಂದಿನಂತೆ ಉವೆಯ ಜಾಕೆಟ್ಟು ಸೈಲೆನ್ಸರಿನ ಮೇಲಿತ್ತು. ಒಳಗೆ ತಲೆಗಳೆಲ್ಲ ಬಾಗಿಲ ಕಡೆ ತಿರುಗಿದವು. ಫೋಲ್ಮರ್ ಯಾರನ್ನೂ ನೋಡದೆ ಮೂಲೆಗೆ ಹೋಗಿ, ಒಳಜೇಬಿನಿಂದ ಚೀಟಿ ತೆಗೆದು, ಗೋಡೆಯ ಕೊನೆಯ ಸಾಲಿನಲ್ಲಿ ಅಂಟಿಸಿದ. ಚೀಟಿ ವಾರೆಯಾಯಿತು. ನೇರ ಮಾಡಲು ಕೈ ಎತ್ತಿದ.

‘ಮುಟ್ಟಿದ್ರೆ ನೋಡು!’ ಎಂದು ಹೈಕೆ ಕೈಗೆ ಬಾರಿಸಿದಳು.

ಉವೆ ಎದ್ದು ಬಂದು, ಕನ್ನಡಕ ಹಣೆಗೇರಿಸಿ, ಜೋರಾಗಿ ಓದಿದ. ‘ಮಾಲೀಕ, ಎಕ್‌ಹಾರ್ಟ್ ಫೋಲ್ಮರ್. ದೋಷ, ಹಿಂಬದಿಯ ಬೆಕ್ಕಿನ ಕಣ್ಣು ಇಲ್ಲ. ತಿರಸ್ಕೃತ.’ ಇನ್ನೊಮ್ಮೆ ಹತ್ತಿರದಿಂದ ನೋಡಿದ. ‘ಬೆಕ್ಕಿನ ಕಣ್ಣಾ? ಹಿಡಿದವ್ನು ಯಾರು?’

‘ನಾನೇ,’ ಎಂದ ಫೋಲ್ಮರ್.

ಆ ನಗು ಜಲಾಶಯದ ಆಚೆ ದಡಕ್ಕೂ ಕೇಳಿಸಿರಬೇಕು. ಒಬ್ಬ ಮೇಜು ಗುದ್ದಿದ, ಕಾಫಿ ಚೆಲ್ಲಿತು, ಯಾರಿಗೋ ಕೆಮ್ಮು ಹತ್ತಿತು. ಫೋಲ್ಮರನಿಗೆ ಮೊದಲು ಅವಮಾನವಾಯಿತು, ಆಮೇಲೆ ತನಗೇ ನಗು ಬಂತು, ಆಮೇಲೆ ತಡೆಯಲಾಗಲಿಲ್ಲ.

‘ಲೇ, ಜರುಗ್ರೋ!’ ಉವೆ ಬೆಂಚಿಗೆ ಮರಳಿ, ತನ್ನ ಭಾರೀ ದೇಹವನ್ನು ಇತರರ ಮೇಲೆ ನೂಕಿದ. ‘ಬಾರೋ ಎಕ್‌ಹಾರ್ಟ್, ಕೂತ್ಕೋ. ಗೋಡೆ ಮೇಲೆ ಹೆಸರಿರೋರೆಲ್ಲ ಇಲ್ಲೇ.’

ಸಿಕ್ಕ ಜಾಗ ಒಂದು ಗೇಣೂ ಇರಲಿಲ್ಲ. ಅರ್ಧ ಮೈ ಬೆಂಚಿನ ಮೇಲೆ, ಅರ್ಧ ಗಾಳಿಯಲ್ಲಿ. ಕೆಫೆಯವಳು ಕೇಳದೆಯೇ ಕಾಫಿ ತಂದಿಟ್ಟಳು. ಉವೆ ತೋಳು ಉಜ್ಜಿಕೊಂಡು ‘ಚಳಿಯಪ್ಪಾ’ ಎಂದು ಹೊರಗೆ ಹೋದ. ಸೈಲೆನ್ಸರಿನ ಮೇಲಿದ್ದ ಜಾಕೆಟ್ಟು ಎತ್ತಿ, ಕೊಡವಿ, ತೊಟ್ಟುಕೊಂಡು ಬಂದ. ಕಿಟಕಿಯಿಂದ ಆ ಸೈಲೆನ್ಸರು ಪೂರ್ತಿ ಕಾಣುತ್ತಿತ್ತು. ಫೋಲ್ಮರ್ ಅದನ್ನು ತುದಿಯಿಂದ ಬುಡದವರೆಗೆ ನೋಡಿದ. ಇಡೀ ಮೇಜು ಅವನ ಬಾಯನ್ನೇ ನೋಡುತ್ತಿತ್ತು.

‘ಸದ್ದು ಜಾಸ್ತಿ ಇದೆ,’ ಎಂದ ಅವನು. ‘ಇಲ್ಲಿಂದಲೇ ಗೊತ್ತಾಗತ್ತೆ, ತುಂಬಾ ಜಾಸ್ತಿ ಇದೆ.’ ಒಂದು ಗುಟುಕು ಕಾಫಿ ಕುಡಿದು ಲೋಟ ಕೆಳಗಿಟ್ಟ. ‘ಒಂದ್ಸಲ ಸ್ಟಾರ್ಟ್ ಮಾಡಿ ಕೇಳಿಸ್ತೀಯಾ ಉವೆ?’