ಮಾವನ ಬಾವಿ, ಮಗನ ತುಟಿ

ಹೈದರಾಬಾದಿನಲ್ಲಿ ಹೃದಯದ ಆಪರೇಷನ್ ಮಾಡಿಸಿಕೊಂಡು ಬಂದ ನಮ್ಮ ಮಾವ ರೇವಪ್ಪನವರು ನೋವಿನ ಗುಳಿಗೆಯನ್ನು ವೈರಿಯೆಂದೇ ತೀರ್ಮಾನಿಸಿದ್ದರು. ಗುಳಿಗೆ ನುಂಗಿ, ಎದೆಗೆ ದಿಂಬು ಅವಚಿಕೊಂಡು ಜೋರಾಗಿ ಕೆಮ್ಮಬೇಕು, ಇಲ್ಲದಿದ್ದರೆ ಕಫ ಕಟ್ಟುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮಾವ ಗುಳಿಗೆಯನ್ನೂ ಮುಟ್ಟಲಿಲ್ಲ, ಕೆಮ್ಮಲೂ ಇಲ್ಲ.

"ಲಿಂಗ ಕಟ್ಟಿದಾಂವ ನೋವಿಗಿ ಅಂಜ್ತಾನೇನು? ಎದಿ ಕೊಯ್ಯುವಾಗನೂ ನಾ ಅಯ್ಯೋ ಅಂದಿಲ್ಲ."

"ಆವಾಗ ನಿಮಗ ಎಚ್ಚರ ಎಲ್ಲಿತ್ತು ಬಿಡ್ರಿ," ಎಂದರು ಅತ್ತೆ ಗುರುಲಿಂಗಮ್ಮ, ರೊಟ್ಟಿ ಬಡಿಯುತ್ತಲೇ.

ಮಾವನಿಗೆ ವಿಭೂತಿ ಬಿಟ್ಟರೆ ಹೆಮ್ಮೆ ಇದ್ದದ್ದು ಮನೆಯ ಹಿಂದೆ ತಾವು ತೋಡಿಸಿದ ಬಾವಿಯ ಮೇಲೆ. ನನ್ನ ಹಾಲು ಸಾಲದೆ ಕೂಸಿಗೆ ಪುಡಿ ಹಾಲು ಶುರು ಮಾಡಿದಾಗ, ಮೊಗುಡಂಪಲ್ಲಿಯಿಂದ ಕ್ಯಾನ್ ನೀರು ತರಿಸೋಣ ಎಂದೆ.

"ನಮ್ಮ ಬಾವ್ಯಾಗ ಗಂಗವ್ವ ಕುಂತಾಳ. ಪ್ಲಾಸ್ಟಿಕ್ ನೀರು ಯಾಕ?"

ಗಂಗವ್ವನ ಪಕ್ಕದಲ್ಲೇ ನಮ್ಮ ಎಮ್ಮೆಗಳ ತಿಪ್ಪೆಯೂ ಕುಳಿತಿತ್ತು. ನಾನು ಆ ನೀರನ್ನೇ ಕುದಿಸಿ ಕುದಿಸಿ ಅರ್ಧಕ್ಕಿಳಿಸಿ ಹಾಲು ಕಲಸುತ್ತಿದ್ದೆ.

ಮಾವ ದಿನಾ ಬೆಳಗ್ಗೆ ಕೂಸಿನ ಹಣೆ, ಕೆನ್ನೆ, ಹೊಟ್ಟೆಗೆಲ್ಲ ವಿಭೂತಿ ಬಳಿಯುತ್ತಿದ್ದರು. ಹಾಗಾಗಿ ಮಗು ಬೂದು ಬಣ್ಣಕ್ಕೆ ತಿರುಗಿದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಒಂದು ದಿನ ನೀರು ಎರೆದು ಎಷ್ಟು ಒರೆಸಿದರೂ ಬೂದಿ ಹೋಗಲಿಲ್ಲ. ತುಟಿ, ಉಗುರು ನೇರಳೆ ಹಣ್ಣಿನಂತಾಗಿದ್ದವು. ಅಳುವ ಶಕ್ತಿಯೂ ಇಲ್ಲದೆ ಅದು ನನ್ನ ಮುಖವನ್ನೇ ನೋಡುತ್ತಿತ್ತು.

"ನಮ್ಮನ್ಯಾಗ ನೀಲಕಂಠ ಹುಟ್ಯಾನ," ಎಂದು ಮಾವ ಕೈ ಮುಗಿದರು.

"ಆತಗ ಕಂಠ ನೀಲಿ ಇತ್ರಿ ಮಾವಾ, ತುಟಿ ಅಲ್ಲ." ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಜಹೀರಾಬಾದಿಗೆ ಆಟೋ ಹತ್ತಿದೆ.

ಆಸ್ಪತ್ರೆಯಲ್ಲಿ ಡಾಕ್ಟರ್ ಶಿಲ್ಪಾರಾಣಿ ತೆಗೆದ ರಕ್ತ ಚಾಕಲೇಟಿನ ಬಣ್ಣಕ್ಕಿತ್ತು.

"ಹಾಲು ಯಾವ ನೀರಿನಾಗ ಕಲಸ್ತೀರಿ?"

"ಬಾವಿ ನೀರ್ರಿ. ಛಲೋ ಕುದಿಸ್ತೀನ್ರಿ."

"ಕುದಿಸಿದ್ರ ಹುಳ ಸಾಯ್ತಾವ, ನೈಟ್ರೇಟ್ ಸಾಯಂಗಿಲ್ಲ. ನೀರು ಇಂಗಿದಷ್ಟು ಅದು ಗಟ್ಟಿ ಆಗ್ತದ. ತಿಪ್ಪಿ, ಗೊಬ್ಬರದಿಂದ ಇಳಿದಿರ್ತದ. ಸಣ್ಣ ಕೂಸಿನ ರಕ್ತಕ್ಕ ಆಕ್ಸಿಜನ್ ಹೊರಾಕ ಆಗದಂಗ ಮಾಡ್ತದ."

ಆಮೇಲೆ ಸೂಜಿಗೆ ತುಂಬಿದ ಔಷಧ ನೋಡಿದರೆ ಅದೂ ಕಡು ನೀಲಿ.

"ನೀಲಿ ಆದ ಕೂಸಿಗಿ ನೀಲಿ ಔಷಧ ಏನ್ರಿ?"

"ಇದೇ ಔಷಧ. ಉಚ್ಚಿನೂ ನೀಲಿ-ಹಸರ ಬರ್ತದ, ಅಂಜಬ್ಯಾಡ್ರಿ."

ಮೇಜಿನ ಮೇಲಿನ ಚಹ ಆರುವಷ್ಟರಲ್ಲಿ ತುಟಿಗೆ ಕೆಂಪು ಬಂತು. ಮಗ ಬಾಯಿ ತೆರೆದು ಕಿರುಚಿದ. ಅಷ್ಟು ಚಂದದ ಕಿರುಚಾಟ ನಾನು ಕೇಳಿರಲಿಲ್ಲ.

ಮರುದಿನ ಕೂಸಿನ ಜೊತೆ ಒಂದು ಕ್ಯಾನ್ ನೀರನ್ನೂ ಆಟೋದಲ್ಲಿ ಹಾಕಿಕೊಂಡು ಮನೆಗೆ ಬಂದು ಎಲ್ಲ ಹೇಳಿದೆ. ಮಾವನ ಎದೆಯಲ್ಲಿ ಕಫ ಗೊರಗೊರ ಎನ್ನುತ್ತಿತ್ತು.

"ನನ್ನ ಬಾವಿ ಹಂಗ ಮಾಡಂಗಿಲ್ಲ," ಎಂದರು. ಆದರೆ ಕೂಸಿನ ತುಟಿಯಿಂದ ಕಣ್ಣು ಕೀಳಲಿಲ್ಲ. ನಾನು ಅದನ್ನು ಅವರ ತೊಡೆಯ ಮೇಲೆ ಮಲಗಿಸಿದೆ. ಮಲಗಿಸಿದ್ದೇ ತಡ, ಮಗ ಅಜ್ಜನ ಬಿಳಿ ಧೋತರದ ಮೇಲೆ ನೀಲಿ-ಹಸಿರಾಗಿ ಹೊಯ್ದ.

ಮಾವ ಧೋತರ ನೋಡಿದರು, ಮೊಮ್ಮಗನನ್ನು ನೋಡಿದರು. "ನೀಲಕಂಠನ ಪ್ರಸಾದ ಬಂತ್ರಿ," ಎಂದರು ಅತ್ತೆ. ಮಾವನಿಗೆ ನಗು ತಡೆಯಲಾಗಲಿಲ್ಲ. ನಗು ಕೆಮ್ಮಾಯಿತು, ಕೆಮ್ಮಿಗೆ ಹೊಲಿಗೆ ಎಳೆಯಿತು. ದಿಂಬು ಅವಚಿಕೊಂಡು, ಕಣ್ಣಲ್ಲಿ ನೀರು ತುಂಬಿ, "ಅಯ್ಯೋ" ಎಂದರು.

"ಅಂದ್ರಿ ನೋಡ್ರಿ," ಎಂದರು ಅತ್ತೆ.

"ಮಂಗಲಾ, ಆ ಗುಳಿಗಿ ಕೊಡವ್ವ," ಎಂದು ಮಾವ ನನ್ನತ್ತ ಕೈ ಚಾಚಿದರು.

"ನೀರು ಬಾವೀದು ತರ್ಲೇನ್ರಿ?"

ಮಾವ ಮೊಮ್ಮಗನ ತುಟಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಕ್ಯಾನಿಂದೇ ತಾ."